ಮಾಳಿಗೆಯ ಮೇಲೆ ಗುರುದರ್ಶನ

ಮನೆಯಲ್ಲಿ ಮದುವೆಯ ಮಾತು ಮೊದಲಾದೊಡನೆ ಹಿರಿಯರು ಪಂಚಾಂಗವನ್ನು ಬಿಚ್ಚಿ ಗುರುಬಲವಿದೆಯೇ ಎಂದು ನೋಡುವುದು ಬೀದರದಲ್ಲಿಯೂ ಬೆಂಗಳೂರಿನಲ್ಲಿಯೂ ಇರುವ ವಾಡಿಕೆ. ಆದರೆ ಆ ಗುರುವು ಆಕಾಶದಲ್ಲಿ ಎಲ್ಲಿರುವನೆಂದು ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವವರು ವಿರಳ. ಬರಿಗಣ್ಣಿಗೆ ಅವನು ಬೆಳ್ಳಗೆ ಹೊಳೆಯುವ ಒಂದು ಚುಕ್ಕೆ. ದೂರದರ್ಶಕಕ್ಕೆ ದಿನದಿನಕ್ಕೂ ಮುಖಚರ್ಯೆಯನ್ನು ಬದಲಿಸುವ ಒಂದು ಮಹಾಲೋಕ. ಆ ಬದಲಾವಣೆಗಳ ಲೆಕ್ಕವನ್ನು ಇಟ್ಟುಕೊಂಡು ಬಂದವರಲ್ಲಿ ಹಿತ್ತಿಲಿನಲ್ಲಿಯೋ ಮಾಳಿಗೆಯ ಮೇಲೆಯೋ ದೂರದರ್ಶಕವನ್ನು ನಿಲ್ಲಿಸಿಕೊಂಡ ಹವ್ಯಾಸಿಗಳ ಪಾಲು ಬಹು ದೊಡ್ಡದು.

2009ರ ಜುಲೈ 19ರ ರಾತ್ರಿಯ ಸಂಗತಿ. ಆಸ್ಟ್ರೇಲಿಯದ ಮುರಂಬೇಟ್‌ಮನ್ ಎಂಬ ಹಳ್ಳಿಯಲ್ಲಿ ಆಂಥೊನಿ ವೆಸ್ಲಿ ಎಂಬಾತನು ತನ್ನ ಮನೆಯ ಬಳಿ ಹದಿನಾಲ್ಕೂವರೆ ಇಂಚಿನ ದೂರದರ್ಶಕದಿಂದ ಗುರುವಿನ ಚಿತ್ರಗಳನ್ನು ತೆಗೆಯುತ್ತಿದ್ದನು. ನಡುರಾತ್ರಿಯ ಸುಮಾರಿಗೆ ಗಾಳಿಯ ಸ್ಥಿತಿ ಕೆಟ್ಟಿತು. ಈ ದಿನಕ್ಕೆ ಸಾಕೆಂದು ಎದ್ದು ಹೋಗುವ ಯೋಚನೆಯೂ ಬಂದಿತು. ಕೊಂಚ ವಿಶ್ರಮಿಸಿ ಮರಳಿ ಬಂದು ನೋಡುವಾಗ, ಗುರುವಿನ ದಕ್ಷಿಣ ಧ್ರುವದ ಸಮೀಪದಲ್ಲಿ ಹಿಂದೆಂದೂ ಇರದಿದ್ದ ಒಂದು ಕಪ್ಪು ಕಲೆ ತಿರುಗಿ ಬರುತ್ತಿದ್ದಿತು! ಅದು ಉಪಗ್ರಹದ ನೆರಳಲ್ಲ. ಯಾವುದೋ ಆಕಾಶಕಾಯವು ಬಡಿದು ಮಾಡಿದ ಗಾಯ. ಅವನ ಸುದ್ದಿ ಮುಟ್ಟಿದ ಮೇಲೆ ಹವಾಯಿಯಲ್ಲಿರುವ ನಾಸಾದ ದೂರದರ್ಶಕವು ಅತ್ತ ತಿರುಗಿತು; ಹಬಲ್ ದೂರದರ್ಶಕವೂ ಕೆಲವೇ ದಿನಗಳಲ್ಲಿ ಅದರ ಚಿತ್ರವನ್ನು ತೆಗೆಯಿತು. ಕಲೆಯ ವಿಸ್ತಾರ ನಮ್ಮ ಪೆಸಿಫಿಕ್ ಸಾಗರದಷ್ಟೆಂದು ಲೆಕ್ಕವಾಯಿತು. ಅಷ್ಟು ದೊಡ್ಡ ಆಘಾತವನ್ನು ಮೊದಲು ಕಂಡದ್ದು ಯಾವ ದೊಡ್ಡ ವೇಧಶಾಲೆಯೂ ಅಲ್ಲ. ನಿದ್ದೆಗೆಟ್ಟು ಕುಳಿತ ಒಬ್ಬ ಗೃಹಸ್ಥ.

ಇದು ಆಕಸ್ಮಿಕವೆನ್ನುವಂತಿಲ್ಲ. ದೊಡ್ಡ ದೂರದರ್ಶಕಗಳಿಗೆ ನೂರು ಕೆಲಸಗಳು. ಒಂದೇ ಗ್ರಹದ ಮುಂದೆ ಪ್ರತಿರಾತ್ರಿ ಕಾದು ಕೂರಲು ಅವುಗಳಿಗೆ ಬಿಡುವೆಲ್ಲಿ? 2006ರ ಫೆಬ್ರವರಿ 24ರಂದು ಫಿಲಿಪೈನ್ಸಿನ ಸೆಬು ನಗರದ ಹವ್ಯಾಸಿ ಕ್ರಿಸ್ಟೋಫರ್ ಗೋ ಎಂಬಾತನು, ಗುರುವಿನ ಬಿಳಿಯ ಅಂಡಾಕಾರದ ಬಿರುಗಾಳಿಯೊಂದು ಕೆಂಪಾಗಿರುವುದನ್ನು ಗುರುತಿಸಿದನು. 2020ರ ಮೇ 31ರಂದು ದಕ್ಷಿಣ ಆಫ್ರಿಕದ ಕ್ಲೈಡ್ ಫಾಸ್ಟರ್ ಹೊಸದೊಂದು ಕಲೆಯನ್ನು ಕಂಡನು. ಎರಡು ದಿನಗಳಲ್ಲಿಯೇ ಜೂನೋ ನೌಕೆಯು ಗುರುವಿನ ಸಮೀಪದಲ್ಲಿ ಹಾದುಹೋಗುತ್ತ ಅದರ ಚಿತ್ರವನ್ನು ಕಳುಹಿಸಿತು. ಇನ್ನೂ ಹಿಂದಕ್ಕೆ ಹೋದರೆ, 1933ರಲ್ಲಿ ಶನಿಯ ಮೇಲೆ ಬಿಳಿಯ ಮಹಾಕಲೆಯೊಂದನ್ನು ಕಂಡ ವಿಲ್ ಹೇ, ಇಂಗ್ಲೆಂಡಿನ ಜನರನ್ನು ನಗಿಸುತ್ತಿದ್ದ ಹಾಸ್ಯನಟ!

ಹೀಗೆ ಕೂಡಿಟ್ಟ ದಾಖಲೆಗಳ ಬೆಲೆ ಕಾಲ ಕಳೆದಂತೆ ಹೆಚ್ಚುವುದು. ಗುರುವಿನ ಮುಖದ ಪ್ರಸಿದ್ಧವಾದ ಕೆಂಪು ಮಹಾಕಲೆಯ ಉದ್ದ 19ನೆಯ ಶತಮಾನದ ಕೊನೆಯಲ್ಲಿ ಸುಮಾರು 41,000 ಕಿಲೋಮೀಟರು. 2014ರಲ್ಲಿ ಹಬಲ್ ಅಳೆದಾಗ ಅದು 16,500ಕ್ಕೆ ಇಳಿದಿದ್ದಿತು. ಮೂರು ಭೂಮಿಗಳನ್ನು ಸಾಲಾಗಿ ಇಡಬಹುದಾಗಿದ್ದ ಬಿರುಗಾಳಿಯಲ್ಲಿ ಈಗ ಎರಡಕ್ಕೂ ಎಡೆಯಿಲ್ಲ. ಹಿಂದಿನವರು ನೋಡಿ ಬರೆದಿಡದೆ ಹೋಗಿದ್ದರೆ, ಅದು ಕುಗ್ಗುತ್ತಿರುವ ಸಂಗತಿಯೇ ನಮಗೆ ತಿಳಿಯುತ್ತಿರಲಿಲ್ಲ.

ಚಿತ್ರ ತೆಗೆಯುವ ಕ್ರಮವೂ ಸ್ವಾರಸ್ಯವಾದುದು. ನಮ್ಮ ತಲೆಯ ಮೇಲಿನ ಗಾಳಿ ಸದಾ ಕಲಕುವುದರಿಂದ, ಗ್ರಹದ ಬಿಂಬವು ಹರಿಯುವ ನೀರಿನ ತಳದ ಕಲ್ಲಿನಂತೆ ನಡುಗುವುದು. ಆದುದರಿಂದ ಹವ್ಯಾಸಿಯು ಒಂದು ಚಿತ್ರವನ್ನಲ್ಲ, ವಿಡಿಯೋ ಕ್ಯಾಮೆರಾದಿಂದ ಸಾವಿರಾರು ಚಿತ್ರಗಳನ್ನು ತೆಗೆಯುವನು. ಗಾಳಿ ಕ್ಷಣಕಾಲ ನಿಂತಾಗ ಮೂಡಿದ ಸ್ಪಷ್ಟ ಬಿಂಬಗಳನ್ನು ಕಂಪ್ಯೂಟರು ಆರಿಸಿ ಒಂದರ ಮೇಲೊಂದನ್ನು ಕೂಡಿಸುವುದು. ಇದಕ್ಕೂ ಅವಸರವುಂಟು: ಗುರುವು ಹತ್ತು ಗಂಟೆಗಳಿಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವನು; ಹತ್ತು ನಿಮಿಷಕ್ಕೆ ಆರು ಅಂಶ. ಎರಡು ಮೂರು ನಿಮಿಷಗಳಲ್ಲಿ ಕೆಲಸ ಮುಗಿಸದಿದ್ದರೆ ಚಿತ್ರವೆಲ್ಲ ಕದಡಿಹೋಗುವುದು. ತೆಗೆದ ಚಿತ್ರದ ಕೆಳಗೆ ಗಂಟೆ ನಿಮಿಷಗಳನ್ನು ಬರೆಯದಿದ್ದರೆ, ಅದು ಅಂದದ ಪಟವಾದೀತೇ ಹೊರತು ಸಾಕ್ಷಿಯಾಗಲಾರದು.

ಬೀದರಿನ ಸೀಮೆಗೆ ಈ ವಿದ್ಯೆ ತೀರ ಹೊರಗಿನದಲ್ಲ. ಬೀದರ ಜಿಲ್ಲೆಯು 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದಿತು. ಆ ರಾಜಧಾನಿಯ ನಿಜಾಮಿಯಾ ವೇಧಶಾಲೆ ಹುಟ್ಟಿದುದೇ ಒಬ್ಬ ಹವ್ಯಾಸಿಯ ಮನೆಯಲ್ಲಿ. 1901ರಲ್ಲಿ ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರು ಹದಿನೈದು ಇಂಚಿನ ದೂರದರ್ಶಕವನ್ನು ತರಿಸಿದರು. ಅವರು ಕಾಲವಾದ ಮೇಲೆ 1908ರಲ್ಲಿ ಸರ್ಕಾರವು ಅದನ್ನು ವಹಿಸಿಕೊಂಡಿತು. ಮುಂದೆ ಕಾವಲೂರಿನ ವೇಧಶಾಲೆಯನ್ನು ಕಟ್ಟಿದ ವೈನು ಬಪ್ಪು ಅವರ ತಂದೆ ಅಲ್ಲಿಯೇ ಕೆಲಸದಲ್ಲಿದ್ದವರು. ಒಬ್ಬ ನವಾಬರ ಹವ್ಯಾಸದಿಂದ ಏನೆಲ್ಲ ಬೆಳೆಯಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಂದು ಬೀದರಿನಲ್ಲಿ, ಭಾಲ್ಕಿಯಲ್ಲಿ, ಕರ್ನಾಟಕದ ಉತ್ತರ ತುದಿಯ ತಾಲ್ಲೂಕಾದ ಔರಾದಿನಲ್ಲಿ ಮಾಳಿಗೆ ಹತ್ತುವ ತರುಣನಿಗೆ ನವಾಬರ ಸಂಪತ್ತು ಬೇಕಾಗಿಲ್ಲ. ಮೊದಲ ದರ್ಶನಕ್ಕೆ ಸಾಧಾರಣ ದುರ್ಬೀನು ಸಾಕು. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಉಪಗ್ರಹಗಳು ಅದರಲ್ಲಿ ಕಾಣುವುವು. ಎಂಟು ಇಂಚಿನ ದೂರದರ್ಶಕವಿದ್ದರೆ ಗುರುವಿನ ಪಟ್ಟೆಗಳ ಚಿತ್ರವನ್ನೂ ತೆಗೆಯಬಹುದು. ಇಲ್ಲಿಯವರಿಗೆ ಪ್ರಕೃತಿಯು ಇನ್ನೊಂದು ಉಪಕಾರವನ್ನು ಮಾಡಿದೆ. ಗುರುವು ಮಿಥುನದಲ್ಲಿರುವಾಗ ಬೀದರಿನ ನೆತ್ತಿಗೆ ಐದಾರು ಅಂಶಗಳಷ್ಟು ಸಮೀಪದಲ್ಲಿ ಹಾದುಹೋಗುವನು; ತೀರ ಕೆಳಗಿಳಿದು ಧನುವಿನಲ್ಲಿರುವಾಗಲೂ ಐವತ್ತು ಅಂಶಗಳ ಎತ್ತರಕ್ಕೆ ಏರುವನು. ಅದೇ ವೇಳೆ ಲಂಡನ್ನಿನಲ್ಲಿ ಅವನ ಎತ್ತರ ಹದಿನೈದು ಹದಿನಾರು ಅಂಶ ಮಾತ್ರ. ಅಲ್ಲಿಯವರು ಅವನನ್ನು ದಪ್ಪ ಗಾಳಿಯ ಪರದೆಯ ಮೂಲಕ ನೋಡಬೇಕು. ಯುರೋಪಿನಲ್ಲಿ ಇನ್ನೂ ಕತ್ತಲಾಗದ ಹೊತ್ತಿನಲ್ಲಿ ಗುರುವಿನ ಕಾವಲು ನಮ್ಮ ದೇಶದ ಪಾಲಿಗೆ ಬರುವುದು.

ತೊಡಕುಗಳೂ ಇಲ್ಲದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಮೋಡದ ಮರೆ. ಹಗಲೆಲ್ಲ ಕಾದ ಮಾಳಿಗೆ ಸಂಜೆಯಲ್ಲಿ ಬಿಸಿಯನ್ನು ಉಗುಳಿ ಬಿಂಬವನ್ನು ಕುಣಿಸುವುದರಿಂದ, ಅದು ಆರುವವರೆಗೆ ತಾಳ್ಮೆ ಬೇಕು. ನೂರು ರಾತ್ರಿ ನೋಡಿದರೂ ಹೊಸದೇನೂ ಕಾಣದಿರಬಹುದು. ಆದರೆ ಆ ನೂರು ರಾತ್ರಿಗಳ ದಾಖಲೆಯಿದ್ದರೆ ಮಾತ್ರ ನೂರೊಂದನೆಯ ರಾತ್ರಿಯ ಕಲೆ ಹೊಸದೆಂದು ಹೇಳಲು ಸಾಧ್ಯ. ವೆಸ್ಲಿಗೆ ಆ ಕಲೆ ಹೊಸದಾಗಿ ಕಂಡದ್ದು, ಅದಿಲ್ಲದ ಗುರುವನ್ನು ಅವನು ಬಹುಕಾಲ ನೋಡಿದ್ದುದರಿಂದ.