ಮೊದಲು ಸವಾರ, ಆಮೇಲೆ ಜಾವಾ

ಜಾವಾ 250 ಬೈಕಿನ ಎಡಬದಿಯಲ್ಲಿ ಇರುವುದು ಒಂದೇ ಲಿವರ್. ಕಿಕ್ ಹೊಡೆಯುವುದಕ್ಕೂ ಅದೇ, ಗೇರ್ ಬದಲಿಸುವುದಕ್ಕೂ ಅದೇ. ಎಂಜಿನ್ ಕಡೆಗೆ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಆಗುತ್ತದೆ. ಎಂಜಿನ್ ಹತ್ತಿಕೊಂಡ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್ ಲಿವರ್ ಆಗಿ ಕೂರುತ್ತದೆ. ಹೊಸಬರು ಮೊದಲು ಬೆರಗಾಗುವುದು ಇದನ್ನು ಕಂಡು. ಆದರೆ ನಿಜವಾದ ಜಾಣತನ ಹೊರಗೆ ಕಾಣುವುದಿಲ್ಲ. ಆ ಲಿವರಿನ ದಂಡಕ್ಕೆ ಒಳಗಡೆ ಕ್ಲಚ್ಚಿನ ಜೊತೆಗೂ ಸಂಬಂಧವಿದೆ. ಪಾದ ಲಿವರನ್ನು ಒತ್ತಿದೊಡನೆ, ಗೇರ್ ಬದಲಾಗುವ ಮುನ್ನವೇ, ಕ್ಲಚ್ ತಾನಾಗಿ ಬಿಡುತ್ತದೆ. ಪಾದ ಸಡಿಲಿಸಿದಾಗ ಮತ್ತೆ ಹಿಡಿಯುತ್ತದೆ. ನಿಂತ ಬೈಕನ್ನು ಹೊರಡಿಸಲು ಎಡಗೈಯ ಕ್ಲಚ್ ಬೇಕು. ಓಡುತ್ತಿರುವಾಗ ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೋಗಲು ಕೈ ಬೇಕಾಗಿಯೇ ಇಲ್ಲ, ಪಾದವೊಂದೇ ಸಾಕು. ಕ್ಲಚ್ ಹಿಡಿಯದೆ ಗೇರ್ ಹಾಕುವುದು ಇವತ್ತಿನ ದುಬಾರಿ ಬೈಕುಗಳ ಹೆಗ್ಗಳಿಕೆಯಾಗಿದೆ. ಚೆಕ್ ಎಂಜಿನಿಯರುಗಳು ಬೇರೆ ದಾರಿಯಿಂದ, ಒಂದು ಚೂರೂ ವಿದ್ಯುತ್ತಿನ ನೆರವಿಲ್ಲದೆ, 1940ರ ದಶಕದಲ್ಲೇ ಅದನ್ನು ಸಾಧಿಸಿದ್ದರು.

ಈ ಲಿವರ್ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಹಳೆಯ ಬೈಕು ಕೊಳ್ಳುವವರು ಮರೆಯುವ ಸಂಗತಿಯನ್ನು ಅದು ಎತ್ತಿ ತೋರಿಸುತ್ತದೆ. ಕ್ಲಚ್ಚಿನ ಕೆಲಸವನ್ನು ಲಿವರ್ ವಹಿಸಿಕೊಂಡಿತೆಂದರೆ ಸವಾರನ ಹೊಣೆ ತಪ್ಪಿತು ಎಂದಲ್ಲ, ಆ ಹೊಣೆ ಕೈಯಿಂದ ಪಾದಕ್ಕೆ ಇಳಿಯಿತು ಅಷ್ಟೆ. ಗೇರ್ ಹಾಕಿ ಪಾದವನ್ನು ಥಟ್ಟನೆ ಎತ್ತಿದರೆ ಬೈಕು ಜಗ್ಗುತ್ತದೆ, ಚೈನು ಎಳೆದಾಡುತ್ತದೆ; ಮೆಲ್ಲಗೆ ಸಡಿಲಿಸಿದರೆ ಗೇರ್ ಬದಲಾದದ್ದು ಹಿಂದೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಬೇರೆ ಬೈಕುಗಳ ಅಭ್ಯಾಸದಿಂದ ಬಂದವರು ಪಾದವನ್ನು ಲಿವರಿನ ಮೇಲೆಯೇ ಊರಿಕೊಂಡು ಹೋಗುತ್ತಾರೆ. ಅಷ್ಟು ಭಾರಕ್ಕೇ ಕ್ಲಚ್ ಅರ್ಧ ಬಿಟ್ಟುಕೊಂಡು ಜಾರತೊಡಗುತ್ತದೆ, ಪ್ಲೇಟುಗಳು ಕಾಯುತ್ತವೆ. ಆಮೇಲೆ ಗ್ಯಾರೇಜಿಗೆ ಬಂದು ‘ಗಾಡಿ ಎಳೀತಾ ಇಲ್ಲ’ ಎಂದು ದೂರುತ್ತಾರೆ. ಗಾಡಿ ಸರಿಯಾಗಿಯೇ ಇತ್ತು. ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಸವಾರನೂ ಒಂದು ಬಿಡಿಭಾಗ. ಆದ್ದರಿಂದ ಯಾವ ಬೈಕು ಕೊಳ್ಳಲಿ ಎಂಬ ಪ್ರಶ್ನೆಗೆ ಉತ್ತರವನ್ನು ಟ್ಯಾಂಕಿನ ಹೊಳಪಿನಲ್ಲಿ ಹುಡುಕುವ ಮೊದಲು ಕೊಳ್ಳುವವನ ಕೈಕಾಲುಗಳಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ಇತಿಹಾಸವನ್ನು ಚುಟುಕಾಗಿ ಹೇಳಿಬಿಡಬಹುದು. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಪ್ರಾಗ್ ನಗರದಲ್ಲಿ ಜರ್ಮನಿಯ ವಾಂಡರರ್ ಬೈಕಿನ ಹಕ್ಕು ಕೊಂಡು ಜಾವಾ ಆರಂಭಿಸಿದರು. ಪಾರ್ಸಿ ಉದ್ಯಮಿಗಳಾದ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅದನ್ನು ಮೈಸೂರಿಗೆ ತಂದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರ ಬೆಂಬಲವೂ ದೊರೆಯಿತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, ರೋಡ್‌ಕಿಂಗ್ ಬಂತು. 1980ರ ದಶಕದಲ್ಲಿ ಲೀಟರಿಗೆ ಹೆಚ್ಚು ದೂರ ಓಡುವ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು, ಆಮೇಲೆ ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕರ್ನಾಟಕದಲ್ಲಿ ಹಳೆಯ ಬೈಕಿನ ಆಸೆ ಹೊತ್ತವರು ಮೊದಲು ಜಾವಾ, ಯೆಜ್ಡಿಗಳ ಕಡೆ ನೋಡುವುದು ಅವು ಮೈಸೂರಿನಲ್ಲೇ ತಯಾರಾದದ್ದರಿಂದ. ಹಳೆಯ ಮೈಸೂರಿನ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪನದೋ ಮಾವನದೋ ಒಂದು ಗಾಡಿ ಹಿತ್ತಲಿನ ಶೆಡ್ಡಿನಲ್ಲಿ ಇನ್ನೂ ಇದೆ.

ಕೊಳ್ಳುವವರ ಮಾತು ಸಾಮಾನ್ಯವಾಗಿ ಸಿಸಿ, ಬೆಲೆ, ಕ್ರೋಮ್ ಸುತ್ತಲೇ ಇರುತ್ತದೆ. ಆದರೆ ಮೂರು ಬೈಕುಗಳನ್ನು ಪಕ್ಕಪಕ್ಕ ನಿಲ್ಲಿಸಿ, ಪ್ರತಿಯೊಂದೂ ಸವಾರನಿಂದ ಏನು ಕೇಳುತ್ತದೆ ಎಂದು ನೋಡಿದರೆ ಆಯ್ಕೆಯ ಲೆಕ್ಕವೇ ಬದಲಾಗುತ್ತದೆ. ಜಾವಾ 250 ಕೊಡುವುದು ಸುಮಾರು 12 ಅಶ್ವಶಕ್ತಿ. ಅದರ ಪಾಠವೆಲ್ಲ ಆ ಲಿವರಿನಲ್ಲಿದೆ, ತಪ್ಪು ಮಾಡಿದರೂ ಮುಗ್ಗರಿಸುತ್ತದೆಯೇ ಹೊರತು ಬೀಳಿಸುವುದಿಲ್ಲ. ಹಳೆಯ ಬುಲೆಟ್ 350 ಬೇರೆಯೇ ಶಿಸ್ತು ಬಯಸುತ್ತದೆ. ಅದನ್ನು ಸ್ಟಾರ್ಟ್ ಮಾಡಲು ಬಲಕ್ಕಿಂತ ಕ್ರಮ ಮುಖ್ಯ. ಕೀ ತಿರುಗಿಸಿ, ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವ ತನಕ ಕಿಕ್ಕನ್ನು ನಿಧಾನವಾಗಿ ಇಳಿಸಬೇಕು. ಡಿಕಂಪ್ರೆಸರ್ ಎಳೆದು ಪಿಸ್ಟನ್ನನ್ನು ತುದಿ ದಾಟಿಸಬೇಕು. ಆಮೇಲೆ ಪೂರ್ತಿ ಕಿಕ್. ಆತುರಪಟ್ಟರೆ ಕಿಕ್ ಹಿಂದಕ್ಕೆ ಒದೆಯುತ್ತದೆ, ಪಾದದ ಗಂಟು ಊದಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ವಿಷಯ ಅದರ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇರುವುದು. ಇವತ್ತಿನ ಬೈಕುಗಳಲ್ಲಿ ಕಲಿತವರಿಗೆ ಇದು ತಿರುಗುಮುರುಗು. ಖಾಲಿ ರಸ್ತೆಯಲ್ಲಿ ಯೋಚಿಸಿ ಓಡಿಸಿದರೆ ತೊಂದರೆಯಿಲ್ಲ. ಹಸು ಅಡ್ಡ ಬಂದಾಗ ಯೋಚಿಸಲು ಸಮಯವಿರುವುದಿಲ್ಲ. ಹಳೆಯ ಅಭ್ಯಾಸದ ಬಲಗಾಲು ಬ್ರೇಕ್ ಎಂದುಕೊಂಡು ಗೇರ್ ಲಿವರನ್ನೇ ತುಳಿಯುತ್ತದೆ. ಬುಲೆಟ್ಟಿನಲ್ಲಿ ಲಿವರ್ ಕೆಳಗೆ ತುಳಿದರೆ ಮೇಲಿನ ಗೇರ್ ಬೀಳುತ್ತದೆ. ನಿಲ್ಲಬೇಕಾದ ಕ್ಷಣದಲ್ಲಿ ಎಂಜಿನ್ ಕೊಡುತ್ತಿದ್ದ ಅಷ್ಟಿಷ್ಟು ಹಿಡಿತವೂ ಹೋಗುತ್ತದೆ.

ಮೂರನೆಯದು ರಾಜ್‌ದೂತ್ 350. ಯಮಹಾದ ಆರ್‌ಡಿ 350 ಬೈಕನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ಫರಿದಾಬಾದಿನಲ್ಲಿ ತಯಾರಿಸಿತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರ್, ಹೈ ಟಾರ್ಕ್ ಮಾದರಿಯಲ್ಲಿ 30.5 ಅಶ್ವಶಕ್ತಿ, ಎಂದರೆ ಜಾವಾದ ಎರಡೂವರೆ ಪಟ್ಟು. ಬಲ ಎಷ್ಟು ಎಂಬುದಕ್ಕಿಂತ ಅದು ಬರುವ ರೀತಿ ಮುಖ್ಯ. ಟೂ ಸ್ಟ್ರೋಕ್ ಎಂಜಿನ್ ಕೆಳಗಿನ ವೇಗದಲ್ಲಿ ಸಾಧುವಾಗಿದ್ದು, ಒಂದು ಹಂತ ದಾಟಿದೊಡನೆ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಜೊತೆಗೆ, ಹೊರದೇಶದಲ್ಲಿ ಡಿಸ್ಕ್ ಬ್ರೇಕಿನೊಡನೆ ಮಾರಾಟವಾಗುತ್ತಿದ್ದ ಈ ಬೈಕು ನಮ್ಮಲ್ಲಿಗೆ ಬಂದದ್ದು ಡ್ರಮ್ ಬ್ರೇಕಿನೊಡನೆ. ಆ ಕಾಲದ ಹುಡುಗರು ಅದುವರೆಗೆ ಕಂಡಿದ್ದ ಬೈಕುಗಳಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಕೊಲ್ಲುವ ಗಾಡಿ ಎಂಬ ಕೆಟ್ಟ ಹೆಸರು ಅಂಟಿಕೊಂಡಿತು. ಆ ಹೆಸರು ಅನ್ಯಾಯದ್ದು. ಬಲಗೈಯನ್ನು ಅಳೆದು ತಿರುಗಿಸಬಲ್ಲವರಿಗೆ, ಮುಂದೇನಾಗಬಹುದೆಂದು ದೂರದಿಂದಲೇ ಓದಬಲ್ಲವರಿಗೆ ಆರ್‌ಡಿ ವಿಧೇಯ ಬೈಕೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಓಡಿಸುತ್ತ ಓಡಿಸುತ್ತ ಕಲಿಯುವುದಲ್ಲವೇ, ದೊಡ್ಡದನ್ನೇ ಕೊಂಡು ಅದರಲ್ಲೇ ಕಲಿತರೆ ಏನು ತಪ್ಪು? ಓಡಿಸದೆ ಯಾರೂ ಕಲಿಯುವುದಿಲ್ಲ, ನಿಜ. ಆದರೆ ತಪ್ಪು ಮಾಡಲು ಬಿಡುವ ಬೈಕು ಮಾತ್ರ ಕಲಿಸಬಲ್ಲದು. ವೇಗ ಗಂಟೆಗೆ 40 ಕಿ.ಮೀ.ನಿಂದ 60ಕ್ಕೆ ಏರಿದರೆ, ಅದೇ ಬ್ರೇಕಿನಿಂದ ನಿಲ್ಲಲು ಬೇಕಾಗುವ ದೂರ ಒಂದೂವರೆ ಪಟ್ಟಲ್ಲ, ಎರಡೂ ಕಾಲು ಪಟ್ಟಾಗುತ್ತದೆ. 60ರ ವೇಗದಲ್ಲಿ ಸವಾರ ಒಂದು ಸೆಕೆಂಡು ತಬ್ಬಿಬ್ಬಾದರೆ ಬ್ರೇಕ್ ಮುಟ್ಟುವ ಮೊದಲೇ ಸುಮಾರು 17 ಮೀಟರ್ ಹೋಗಿಬಿಟ್ಟಿರುತ್ತದೆ. ಸೆಕೆಂಡುಗಳಲ್ಲಿ ವೇಗ ಏರಿಸುವ ಬೈಕು ಆ ತಬ್ಬಿಬ್ಬಿಗೆ ಜಾಗ ಬಿಡುವುದಿಲ್ಲ. ಜಾವಾ ಬಿಡುತ್ತದೆ. ಇನ್ನೂ ಹಗುರವಾದದ್ದು ಬೇಕೆಂದರೆ ಯಮಹಾ ಆರ್‌ಎಕ್ಸ್ 100 ಇದೆ. ಅದಕ್ಕೂ ಚುರುಕು ಜಾಸ್ತಿ, ಆದರೆ ನೂರು ಕಿಲೊ ಆಸುಪಾಸಿನ ತೂಕ ಕಾಲೂರಿದರೆ ನಿಲ್ಲುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನ ಸ್ವಭಾವವನ್ನು ತಿಳಿಯದೆ ಘಟ್ಟ ಇಳಿಯುವುದು ಇನ್ನೊಂದು ಗಂಡಾಂತರ. ಹಳೆಯ ಜಾವಾದಲ್ಲಿ ಎಂಜಿನ್ನಿನ ಒಳಭಾಗಗಳಿಗೆ ಜಾರಿಕೆ ಸಿಗುವುದು ಪೆಟ್ರೋಲಿನಲ್ಲಿ ಬೆರೆಸಿದ ಆಯಿಲಿನಿಂದ, ಲೀಟರಿಗೆ 30ರಿಂದ 40 ಮಿಲಿಲೀಟರ್. ಆಗುಂಬೆಯ 14 ತಿರುವುಗಳನ್ನೋ ಚಾರ್ಮಾಡಿಯ ಇಳಿಜಾರನ್ನೋ ಎಕ್ಸಲೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಬಿಟ್ಟುಕೊಂಡು ಇಳಿದರೆ ಚಕ್ರ ಎಂಜಿನ್ನನ್ನು ರಭಸದಿಂದ ತಿರುಗಿಸುತ್ತಿರುತ್ತದೆ. ಪೆಟ್ರೋಲು ಮಾತ್ರ ಒಳಗೆ ಹೋಗುವುದು ತೀರಾ ಅಲ್ಪ. ಪೆಟ್ರೋಲು ಕಡಿಮೆಯಾದರೆ ಆಯಿಲೂ ಕಡಿಮೆ. ಪಿಸ್ಟನ್ ಒಣಗಿ, ಬಿಸಿಗೆ ಹಿಗ್ಗಿ, ಬೋರಿನಲ್ಲಿ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ನಿಂತು ಟೈರು ಎಳೆದುಕೊಂಡು ಹೋಗುತ್ತದೆ. ಬಲ್ಲವರು ಇಳಿಜಾರಿನಲ್ಲಿ ಆಗಾಗ ಎಕ್ಸಲೇಟರನ್ನು ತುಸು ತೆರೆದು ಎಂಜಿನ್ನಿಗೆ ಆಯಿಲ್ ಕುಡಿಸುತ್ತಾರೆ, ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟಿರುತ್ತಾರೆ. ಎಂಜಿನ್ನಿನ ದನಿ ಬಿಗಿದದ್ದು ಕಿವಿಗೆ ಬಿದ್ದ ಕ್ಷಣ ಆ ಬೆರಳುಗಳು ಮುಚ್ಚಿಕೊಳ್ಳುತ್ತವೆ. ಫೋರ್ ಸ್ಟ್ರೋಕ್ ಓಡಿಸುವವರಿಗೆ ‘ಎಂಜಿನ್ ಬ್ರೇಕಿನಲ್ಲಿ ಘಟ್ಟ ಇಳಿ’ ಎಂದು ಹೇಳುವ ಬುದ್ಧಿಮಾತನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಅಪಾಯ. ಹಾಗೆಂದು ಬ್ರೇಕನ್ನೇ ನಂಬಿ ಉದ್ದಕ್ಕೂ ಒತ್ತಿ ಹಿಡಿದರೆ ಡ್ರಮ್ ಕಾಯ್ದು ಹಿಡಿತ ಸಡಿಲವಾಗುತ್ತದೆ. ಎರಡನ್ನೂ ಹಂಚಿಕೊಂಡು, ತಿರುವಿಗೆ ಮೊದಲೇ ವೇಗ ಇಳಿಸಿಕೊಂಡು ಹೋಗುವ ಲೆಕ್ಕ ತಲೆಯಲ್ಲಿರಬೇಕು.

ಹಾಗಿದ್ದರೆ ಹಳೆಯ ಬೈಕಿಗೆ ಹೊಸ ಭಾಗಗಳನ್ನು ಜೋಡಿಸಬಾರದೇಕೆ ಎಂದು ಕೇಳುವವರಿದ್ದಾರೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿ ವರ್ಷಗಳಾದವು. ಹಳೆಯದಕ್ಕೂ ಕನಿಷ್ಠ ಡಿಸ್ಕ್ ಬ್ರೇಕಾದರೂ ಇರಲಿ ಎಂಬ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ. ಆರು ವೋಲ್ಟಿನ ಮಂಕು ದೀಪದಲ್ಲಿ ರಾತ್ರಿ ಹೆದ್ದಾರಿಗೆ ಇಳಿಯುವುದಕ್ಕಿಂತ ಒಳ್ಳೆಯ ದೀಪ ಹಾಕಿಸುವುದೇ ಸರಿ. ಪದೇಪದೇ ಕೈಕೊಡುವ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೂ ಬೈಕಿನ ಸ್ವಭಾವ ಕೆಡುವುದಿಲ್ಲ. ಆದರೆ ಮುಂದಿನ ಫೋರ್ಕು, ಸ್ಪೋಕು, ಹಬ್ಬುಗಳನ್ನು ರೂಪಿಸಿದ್ದು ಡ್ರಮ್ ಬ್ರೇಕಿನ ಬಲಕ್ಕೆ. ಅದಕ್ಕೆ ಬಲವಾದ ಡಿಸ್ಕ್ ಸಿಕ್ಕಿಸಿದರೆ ಹೊರೆ ಬೀಳುವುದು ಆ ಹಳೆಯ ಉಕ್ಕಿನ ಮೇಲೆ. ಕಾನೂನಿನ ಮಾತೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಬೈಕು, ಕಾರುಗಳಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರ್ ಪಡೆಯಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಯನ್ನೋ ಎಂಜಿನ್ನನ್ನೋ ಬದಲಿಸಿದ ಗಾಡಿಗೆ ಆ ಗೌರವ ಸಿಗುವುದಿಲ್ಲ, ಸಿಕ್ಕ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ಬ್ರೇಕಿನ ಕೊರತೆಯನ್ನು ಸವಾರ ತುಂಬಬಹುದಾದ ದಾರಿ ಡಿಸ್ಕ್ ಹಾಕಿಸುವುದಕ್ಕಿಂತ ಅಗ್ಗ: ಮುಂದಿನ ಬ್ರೇಕನ್ನು ಬಳಸಲು ಕಲಿಯುವುದು. ನಿಲ್ಲುವಾಗ ಬೈಕಿನ ಭಾರ ಹೆಚ್ಚಾಗಿ ಮುಂದಿನ ಚಕ್ರಕ್ಕೆ ಸರಿಯುತ್ತದೆ, ಹಿಡಿತವೂ ಅಲ್ಲಿಯೇ ಹೆಚ್ಚುತ್ತದೆ. ಆದರೂ ನಮ್ಮಲ್ಲಿ ಎಷ್ಟೋ ಜನ ಜೀವಮಾನವಿಡೀ ಹಿಂದಿನ ಬ್ರೇಕೊಂದನ್ನೇ ತುಳಿಯುತ್ತಾರೆ.

ಇಷ್ಟೆಲ್ಲ ಕಷ್ಟವೇಕೆ, ಹೊಗೆ ಉಗುಳುವ ಈ ಯಂತ್ರಗಳನ್ನು ಸಂಗ್ರಹಾಲಯದಲ್ಲಿ ಇಡಬಾರದೇ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಟೂ ಸ್ಟ್ರೋಕ್ ಎಂಜಿನ್ ಸುಡದ ಪೆಟ್ರೋಲಿನ ಒಂದು ಪಾಲನ್ನು ಹಾಗೆಯೇ ಹೊರಕ್ಕೆ ತಳ್ಳುತ್ತದೆ ಎಂಬುದು ನಿಜ. ಅದನ್ನು ನಿತ್ಯದ ಸಂಚಾರಕ್ಕೆ ಮರಳಿ ತರಬೇಕೆಂದು ಯಾರೂ ವಾದಿಸಬಾರದು. ಆದರೆ ಅಪರೂಪಕ್ಕೊಂದು ಭಾನುವಾರ ರಸ್ತೆಗಿಳಿಯುವ ಬೈಕಿನಿಂದ ಆಗುವ ಹಾನಿ ಅಲ್ಪ, ನಿಂತೇ ಇರುವುದರಿಂದ ಬೈಕಿಗೆ ಆಗುವ ಹಾನಿ ದೊಡ್ಡದು. ಸೀಲುಗಳು ಒಣಗುತ್ತವೆ, ಎಥನಾಲ್ ಬೆರೆತ ಈಗಿನ ಪೆಟ್ರೋಲು ನೀರನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ತರಿಸುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಾಜಿನ ಹಿಂದೆ ನಿಂತ ಜಾವಾದಲ್ಲಿ ಆ ಲಿವರ್ ಬರೀ ಒಂದು ಕಬ್ಬಿಣದ ತುಂಡು. ಯಾರದಾದರೂ ಪಾದ ಅದನ್ನು ಒತ್ತಿ ಸಡಿಲಿಸಿದಾಗ ಮಾತ್ರ ಚೆಕ್ ಎಂಜಿನಿಯರುಗಳು ಏನು ಯೋಚಿಸಿದ್ದರು ಎಂದು ತಿಳಿಯುತ್ತದೆ.

ಹಾಗಾಗಿ ಕೊಳ್ಳುವ ದಿನ ಎರಡು ಪರೀಕ್ಷೆಗಳು ನಡೆಯಬೇಕು. ಗಾಡಿಯದು ಎಲ್ಲರಿಗೂ ಗೊತ್ತಿರುವಂಥದ್ದೇ: ಎಂಜಿನ್, ಚಾಸಿ ನಂಬರುಗಳು ಆರ್‌ಸಿಗೆ ತಾಳೆಯಾಗಬೇಕು, ಕಿಕ್ಕಿಗೆ ಎದುರೊತ್ತಡ ಸಿಗಬೇಕು, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಸುಡುತ್ತಿರಬಹುದು. ಎರಡನೆಯ ಪರೀಕ್ಷೆ ಸವಾರನದು. ಮಲಗಿದ ಗಾಡಿಯನ್ನು ಒಬ್ಬನೇ ಎತ್ತಿ ಸ್ಟ್ಯಾಂಡ್ ಹಾಕಬಲ್ಲನೇ? ತಣ್ಣಗಿರುವ ಎಂಜಿನ್ನನ್ನು ಯಾರ ನೆರವೂ ಇಲ್ಲದೆ ಹತ್ತಿಸಬಲ್ಲನೇ? ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ, ಕಾಲೂರದೆ, ಎಂಟರ ಆಕಾರದಲ್ಲಿ ಸುತ್ತಬಲ್ಲನೇ? ಈ ಕೊನೆಯದನ್ನು ಮಾಡಲಾಗದವರು ಆ ಬೈಕನ್ನು ಮಾರುವವರಲ್ಲೇ ಬಿಟ್ಟು, ಇನ್ನಷ್ಟು ಸಣ್ಣದನ್ನು ನೋಡುವುದು ಮೇಲು. ಹಾಗೆ ಮಾಡಿದರೆ ಮರ್ಯಾದೆ ಹೋಗುವುದಿಲ್ಲ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯೊಂದರ ಕೈಯಲ್ಲಿ ಮರಳಿ ಬಂದವು, ಫೋರ್ ಸ್ಟ್ರೋಕ್ ಎಂಜಿನ್ನು, ಎಬಿಎಸ್ಸು, ಬಟನ್ ಸ್ಟಾರ್ಟಿನೊಡನೆ. ಹಳೆಯ ಗಾಡಿಗಳ ಮಾಲೀಕರು ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಆಚರಿಸುತ್ತಾರೆ; ಬೆಂಗಳೂರು, ಮೈಸೂರುಗಳಲ್ಲಿ ಸಾಲುಗಟ್ಟಿ ನಿಂತ ಟ್ಯಾಂಕುಗಳು ಕಣ್ಣಿಗೆ ಹಬ್ಬ. ಆದರೆ ಅಲ್ಲಿ ನೋಡಿ ಹೋಗಲು ಬರುವ ಹುಡುಗ ಹುಡುಗಿಯರಿಗೆ ಫೋಟೊ ಸಿಗುತ್ತದೆ, ಪಾಠ ಸಿಗುವುದಿಲ್ಲ. ಗೇರಿಲ್ಲದ ಸ್ಕೂಟರಿನಲ್ಲಿ ಲೈಸೆನ್ಸ್ ಪಡೆದ ತಲೆಮಾರಿಗೆ ಕಿಕ್ ಹೊಡೆಯುವುದನ್ನು ಹೇಳಿಕೊಡುವವರು ಮನೆಯಲ್ಲೂ ಇಲ್ಲ, ಡ್ರೈವಿಂಗ್ ಶಾಲೆಯಲ್ಲೂ ಇಲ್ಲ. 1961ರಲ್ಲಿ ಇಪ್ಪತ್ತರ ಹರೆಯದಲ್ಲಿ ಯಾದವಗಿರಿಯ ಗೇಟು ಹೊಕ್ಕವರು ಎಂಬತ್ತು ದಾಟಿದ್ದಾರೆ. ಬಾಗಿಲು ಮುಚ್ಚಿದಾಗ ಅಲ್ಲಿದ್ದ ಕಿರಿಯರಿಗೂ ಐವತ್ತರ ಆಸುಪಾಸಾಯಿತು. ಸವೆದ ಪಿಸ್ಟನ್ನು, ಕ್ಲಚ್ ಪ್ಲೇಟುಗಳನ್ನು ಈಗಲೂ ಮಾಡಿಸಿಕೊಳ್ಳಬಹುದು. ಆ ಲಿವರ್ ತಾನಾಗಿ ಕ್ಲಚ್ ಬಿಡುವಂತೆ ಕೂದಲೆಳೆಯಷ್ಟು ಹೊಂದಿಸುವವರು, ಪಾದವನ್ನು ಎಷ್ಟು ಮೆಲ್ಲಗೆ ಎತ್ತಬೇಕೆಂದು ಪಕ್ಕದಲ್ಲಿ ನಿಂತು ತೋರಿಸುವವರು ಇನ್ನು ಎಷ್ಟು ವರ್ಷ ಸಿಗುತ್ತಾರೆ? ಜುಲೈಯ ಆ ಭಾನುವಾರ ಮೆರವಣಿಗೆ ಮುಗಿದ ಮೇಲೆ ಅರ್ಧ ದಿನ ಉಳಿದಿರುತ್ತದೆ, ಊರಿನಲ್ಲಿ ಮೈದಾನಗಳೂ ಇವೆ. ಹಳೆಯ ಕೆಲಸಗಾರರನ್ನು ಕರೆಸಿ ಕುರ್ಚಿ ಹಾಕಿ ಕೂರಿಸಿ, ಅವರೆದುರು ಹೊಸಬರು ಒಬ್ಬೊಬ್ಬರಾಗಿ ಕಿಕ್ ಹೊಡೆದು ಕಲಿಯಲು ಅಷ್ಟು ಸಾಕು.