ಹಿಮದಿಂದ ದ್ರಾಕ್ಷಿಗೆ ಇಳಿಯುವ ದಾರಿ

ಕೆನಡಾದ ರಾಕಿ ಪರ್ವತಗಳಿಗೆ ಹೋಗಿಬಂದವರ ಆಲ್ಬಮ್ಮುಗಳೆಲ್ಲ ಒಂದೇ ಥರ. ಹಿಂದೆ ಹಿಮ ಹೊದ್ದ ಬೆಟ್ಟ, ನಡುವೆ ನಂಬಲಾಗದಷ್ಟು ನೀಲಿಯ ಲೇಕ್ ಲೂಯೀಸ್, ಮುಂದೆ ಜಾಕೆಟ್ ತೊಟ್ಟ ಕುಟುಂಬ. ಪ್ಯಾಕೇಜ್ ಟೂರಿನ ಬಸ್ಸು ಕ್ಯಾಲ್ಗರಿಯಿಂದ ಹೊರಟು ಬ್ಯಾನ್ಫ್ ತೋರಿಸಿ ಕ್ಯಾಲ್ಗರಿಗೇ ಮರಳಿದರೆ ಹೀಗೇ ಆಗುತ್ತದೆ. ನನ್ನ ಮಟ್ಟಿಗೆ ಅದು ಅರ್ಧ ನೋಡಿ ಎದ್ದುಬಂದ ಯಕ್ಷಗಾನ. ಕಾರೊಂದನ್ನು ಬಾಡಿಗೆಗೆ ಹಿಡಿದು, ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ನುಗ್ಗಿ, ಓಕನಾಗನ್ ಕಣಿವೆಯ ದ್ರಾಕ್ಷಿ ತೋಟಗಳವರೆಗೆ ಇಳಿದರೆ ಪ್ರವಾಸಕ್ಕೆ ತಲೆಬುಡ ಸಿಗುತ್ತದೆ. ಮೇಲೆ ಹಿಮ ಇನ್ನೂ ಕೆಲಸ ಮಾಡುತ್ತಿದೆ. ಕೆಳಗೆ, ಸಾವಿರಾರು ವರ್ಷಗಳ ಹಿಂದೆ ಅದು ಕೆಲಸ ಮುಗಿಸಿ ಬಿಟ್ಟುಹೋದ ನೆಲದಲ್ಲಿ ದ್ರಾಕ್ಷಿ ಬೆಳೆಯುತ್ತಿದೆ.

ಕಾಲ ಸೆಪ್ಟೆಂಬರ್ ಆದರೆ ಒಳ್ಳೆಯದು. ಜೂನ್ ಮೊದಲ ವಾರದಲ್ಲಿ ಹೋದವರಿಗೆ ಮೇಲಿನ ಕೆರೆಗಳು ಇನ್ನೂ ಹೆಪ್ಪುಗಟ್ಟಿರುವುದು ಕಂಡೀತು. ಜುಲೈ, ಆಗಸ್ಟ್ ತಿಂಗಳಲ್ಲಿ ಜನಜಂಗುಳಿ, ಜೊತೆಗೆ ಕಾಡ್ಗಿಚ್ಚಿನ ಹೊಗೆ. ಸೆಪ್ಟೆಂಬರ್ ಕೊನೆಯಲ್ಲಿ ಬೆಟ್ಟದ ಲಾರ್ಚ್ ಮರಗಳು ಹಳದಿಗೆ ತಿರುಗುವ ಹೊತ್ತಿಗೆ ಕಣಿವೆಯಲ್ಲಿ ದ್ರಾಕ್ಷಿ ಕೊಯ್ಲು ನಡೆದಿರುತ್ತದೆ. ಆದರೆ ಅಕ್ಟೋಬರ್ 1 ಬಂತೆಂದರೆ ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಚಳಿಗಾಲದ ಟಯರ್ ಕಡ್ಡಾಯ. ಕಾರು ಪಡೆಯುವಾಗಲೇ ಟಯರಿನ ಮೇಲಿನ ಗುರುತು ನೋಡಿಕೊಳ್ಳಿ.

ಹೊರಡುವ ಮೊದಲು ನಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು. ಅದಕ್ಕೆ ಒಂದು ವರ್ಷದ ಅವಧಿ. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಗಾಡಿ ಬಲಕ್ಕೆ. ಅದು ಅರ್ಧ ದಿನದಲ್ಲಿ ಕೈಗೆ ಹತ್ತುತ್ತದೆ. ಬೆಂಗಳೂರಿನಲ್ಲಿ ಪಳಗಿದವರಿಗೆ ನಿಜವಾದ ಪರೀಕ್ಷೆ ಸಿಗ್ನಲ್ ಇಲ್ಲದ ನಾಲ್ಕು ರಸ್ತೆ ಕೂಡುವಲ್ಲಿ. ಎಲ್ಲರೂ ಪೂರ್ತಿ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ಹಾರನ್ ಇಲ್ಲ, ಕಣ್ಸನ್ನೆ ಇಲ್ಲ, ಮೂತಿ ತೂರಿಸುವುದಂತೂ ಇಲ್ಲವೇ ಇಲ್ಲ. ಕಾರನ್ನು ಕ್ಯಾಲ್ಗರಿಯಲ್ಲಿ ಪಡೆದು ವ್ಯಾಂಕೂವರ್‌ನಲ್ಲಿ ಬಿಟ್ಟರೆ ಬಾಡಿಗೆಯವರು ಹೆಚ್ಚುವರಿ ಶುಲ್ಕ ಹಾಕುತ್ತಾರೆ. ಹಾಕಲಿ. ಬಂದ ದಾರಿಯಲ್ಲೇ ವಾಪಸಾಗುವ ಬೇಸರಕ್ಕಿಂತ ಅದು ಅಗ್ಗ.

ಕ್ಯಾಲ್ಗರಿಯ ಈಶಾನ್ಯ ಭಾಗದ ಭಾರತೀಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಉಪ್ಪಿನಕಾಯಿ ತುಂಬಿಕೊಂಡು, ಅಡುಗೆಮನೆ ಇರುವ ಕೋಣೆಗಳನ್ನೇ ಹಿಡಿಯುವುದು ಜಾಣತನ. ಬೆಟ್ಟದ ಊರುಗಳಲ್ಲಿ ಸಸ್ಯಾಹಾರವೆಂದರೆ ಬಹುಮಟ್ಟಿಗೆ ಪಿಜ್ಜಾ, ಆಲೂಗಡ್ಡೆ. ಆದರೆ ಕ್ಯಾಂಪ್ ಜಾಗದಲ್ಲಿ ಚಿತ್ರಾನ್ನದ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಸುತ್ತಾಡಲು ಹೋಗುವ ಹಾಗಿಲ್ಲ. ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆಂದು ಅಲ್ಲಿ ಈ ನಿಯಮ ಬಲು ಬಿಗಿ, ದಂಡವೂ ಉಂಟು. ರಸ್ತೆ ಬದಿಯಲ್ಲಿ ಕರಡಿ ಕಂಡರೆ ಕಾರಿನಿಂದ ಇಳಿಯಕೂಡದು. ನಡೆಯುವ ದಾರಿಯಲ್ಲಾದರೆ 100 ಮೀಟರ್ ಅಂತರ ಇರಬೇಕು.

ಬ್ಯಾನ್ಫ್ ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ. ಬಿಸಿನೀರ ಬುಗ್ಗೆಗಳ ಸುತ್ತ 1885ರಲ್ಲಿ ಕಾದಿಟ್ಟ ಸಣ್ಣ ಜಾಗ ಇಂದು 6,641 ಚದರ ಕಿಲೋಮೀಟರ್ ಆಗಿದೆ. ಅದರ ನಡುವೆಯೇ ದೇಶದ ಮುಖ್ಯ ಹೆದ್ದಾರಿ ಹಾದುಹೋಗುತ್ತದೆ. ಬಂಡೀಪುರದ ರಾತ್ರಿ ಸಂಚಾರದ ವಾದವಿವಾದ ಕೇಳುತ್ತ ಬಂದವರು ಇಲ್ಲಿ ಗಮನಿಸಬೇಕಾದದ್ದು ಕೆರೆಗಳಿಗಿಂತ ಮೊದಲು ರಸ್ತೆಯನ್ನು. ಎರಡೂ ಬದಿಗೆ ಎತ್ತರದ ಬೇಲಿ. ಅಲ್ಲಲ್ಲಿ ತಲೆಯ ಮೇಲೆ ಮಣ್ಣು ಹಾಸಿ, ಮರ ನೆಟ್ಟ ಅಗಲವಾದ ಸೇತುವೆ. ಅದರ ಮೇಲೆ ಓಡಾಡುವುದು ಪ್ರಾಣಿಗಳು ಮಾತ್ರ. ಅಂಥ 6 ಮೇಲ್ಸೇತುವೆ, 38 ಕೆಳದಾರಿಗಳಿವೆ. ಕಟ್ಟಿದ ಕೂಡಲೇ ಎಲ್ಲ ಪ್ರಾಣಿಗಳೂ ಓಡಿಬರಲಿಲ್ಲ. ಗ್ರಿಜ್ಲಿ ಕರಡಿಗಳು ನಂಬಿ ದಾಟಲು ವರ್ಷಗಳೇ ಹಿಡಿದವು. ಆದರೆ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುವುದು ಶೇ 80ಕ್ಕಿಂತ ಹೆಚ್ಚು ಇಳಿಯಿತು. ಹಣ ಸುರಿದು, ತಾಳ್ಮೆಯಿಂದ ಕಾದ ಪರಿಹಾರ ಇದು.

ಮೊರೇನ್ ಕೆರೆಗೆ 2023ರಿಂದ ಖಾಸಗಿ ಕಾರು ಬಿಡುವುದಿಲ್ಲ, ಷಟಲ್ ಬಸ್ಸಿನ ಟಿಕೆಟ್ ಮೊದಲೇ ಕಾದಿರಿಸಬೇಕು. ಸ್ವಂತ ಗಾಡಿಯ ಗರ್ವ ಅಷ್ಟರಮಟ್ಟಿಗೆ ಇಳಿಯುತ್ತದೆ.

ಲೇಕ್ ಲೂಯೀಸ್‌ನಿಂದ ಉತ್ತರಕ್ಕೆ ಜ್ಯಾಸ್ಪರ್‌ವರೆಗಿನ ಸುಮಾರು 230 ಕಿಲೋಮೀಟರ್ ರಸ್ತೆಯ ಹೆಸರು ಐಸ್‌ಫೀಲ್ಡ್ಸ್ ಪಾರ್ಕ್‌ವೇ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರ ಕೈಗೆ ಗುದ್ದಲಿ ಕೊಟ್ಟು ಕಡಿಸಿದ ದಾರಿಯಿದು; 1940ರಲ್ಲಿ ತೆರೆಯಿತು. ಟ್ರಕ್ಕುಗಳ ಕಾಟವಿಲ್ಲ, ವೇಗದ ಮಿತಿ ಬಹುತೇಕ 90. ಮೊಬೈಲ್ ಸಿಗ್ನಲ್ ಇಲ್ಲವೆಂದೇ ಲೆಕ್ಕ; ನಡುವೆ ಪೆಟ್ರೋಲ್ ಸಿಗುವುದು ಸಸ್ಕಾಚೆವಾನ್ ರಿವರ್ ಕ್ರಾಸಿಂಗ್ ಎಂಬ ಒಂದೇ ಕಡೆ, ಅದೂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಟ್ಯಾಂಕ್ ತುಂಬಿಸಿ, ನಕ್ಷೆ ಇಳಿಸಿಕೊಂಡು, ಇಡೀ ದಿನ ಇಟ್ಟುಕೊಂಡು ಹೊರಡಿ.

ಬೋ ಘಾಟಿಯ ಮೇಲೆ ನಿಂತರೆ ಕೆಳಗೆ ಪೇಟೋ ಕೆರೆ. ಆ ಬಣ್ಣಕ್ಕೆ ಆಕಾಶ ಕಾರಣವಲ್ಲ. ಹಿಮನದಿ ತೆವಳುವಾಗ ತನ್ನಡಿಯ ಬಂಡೆಯನ್ನು ಉಜ್ಜಿ ನುಣ್ಣನೆಯ ಪುಡಿ ಮಾಡುತ್ತದೆ. ಕರಗಿದ ನೀರಿನೊಂದಿಗೆ ಬಂದ ಆ ಪುಡಿ ಕೆರೆಯಲ್ಲಿ ತೇಲುತ್ತ ಬೆಳಕಿನ ನೀಲಿ, ಹಸಿರನ್ನು ಚದುರಿಸುತ್ತದೆ. ಈ ಪುಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕಣಿವೆಯಲ್ಲಿ ಇದರ ಅಣ್ಣತಮ್ಮಂದಿರು ಸಿಗುತ್ತಾರೆ.

ಇನ್ನೂ ಮುಂದೆ ಕೊಲಂಬಿಯಾ ಐಸ್‌ಫೀಲ್ಡ್. ಇಲ್ಲಿ ಕರಗಿದ ನೀರು ಮೂರು ದಿಕ್ಕಿಗೆ ಹೋಗುತ್ತದೆ: ಒಂದು ಪಾಲು ಆರ್ಕ್ಟಿಕ್ ಸಾಗರಕ್ಕೆ, ಒಂದು ಹಡ್ಸನ್ ಕೊಲ್ಲಿಗೆ, ಮತ್ತೊಂದು ಕೊಲಂಬಿಯಾ ನದಿ ಸೇರಿ ಪೆಸಿಫಿಕ್‌ಗೆ. ಅಥಬಾಸ್ಕ ಹಿಮನದಿಯ ಕಡೆ ನಡೆಯುವ ಹಾದಿಯಲ್ಲಿ ಇಸವಿ ಬರೆದ ಫಲಕಗಳು ನಿಂತಿವೆ. ಆ ವರ್ಷ ಹಿಮದ ಅಂಚು ಇದ್ದದ್ದು ಅಲ್ಲಿಗೆ. ಸುಮಾರು 125 ವರ್ಷಗಳಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ದೈತ್ಯ ಗಾಲಿಯ ಬಸ್ಸು ಹತ್ತಿ ಹಿಮದ ಮೇಲೆ ಹೋಗುವುದಕ್ಕಿಂತ ಈ ಫಲಕಗಳ ನಡುವಿನ ನಡಿಗೆ ಹೆಚ್ಚು ಹೇಳುತ್ತದೆ, ಖರ್ಚೂ ಇಲ್ಲ. ಜ್ಯಾಸ್ಪರ್ ಊರಿನಲ್ಲಿ 2024ರ ಜುಲೈನ ಕಾಡ್ಗಿಚ್ಚು ಕಟ್ಟಡಗಳಲ್ಲಿ ಮೂರನೇ ಒಂದು ಪಾಲನ್ನು ಸುಟ್ಟಿತು. ಅಲ್ಲಿ ಒಂದು ರಾತ್ರಿ ತಂಗಿ, ಊಟಕ್ಕೆ ಕೊಡುವ ದುಡ್ಡನ್ನು ಅಲ್ಲಿಯೇ ಕೊಟ್ಟು, ಬಂದ ದಾರಿಯಲ್ಲಿ ಇಳಿಯಿರಿ. ಈ ರಸ್ತೆಯನ್ನು ಮಾತ್ರ ಎರಡೂ ದಿಕ್ಕಿನಿಂದ ನೋಡಬೇಕು.

ಲೇಕ್ ಲೂಯೀಸ್‌ನಿಂದ ಪಶ್ಚಿಮಕ್ಕೆ ಕಿಕಿಂಗ್ ಹಾರ್ಸ್ ಘಾಟಿ ದಾಟಿದರೆ ಯೋಹೋ ಉದ್ಯಾನ. ರೈಲು ಇಳಿಜಾರಿನಲ್ಲಿ ಕೈತಪ್ಪಿ ಉರುಳುತ್ತಿದ್ದ ಜಾಗವಿದು. 1909ರಲ್ಲಿ ಬೆಟ್ಟದ ಹೊಟ್ಟೆಯೊಳಗೆ ಸುರುಳಿ ಸುರಂಗ ಕೊರೆದರು. ಉದ್ದದ ಗೂಡ್ಸ್ ರೈಲು ಬಂದಾಗ ಅದರ ತಲೆ ಒಂದು ಬಾಯಲ್ಲಿ ಹೊರಬಿದ್ದಿರುತ್ತದೆ, ಬಾಲ ಇನ್ನೊಂದು ಬಾಯಲ್ಲಿ ಒಳಹೋಗುತ್ತಿರುತ್ತದೆ. ಮಕ್ಕಳಿದ್ದರೆ ಕಾಯಲೇಬೇಕು, ಇಲ್ಲದಿದ್ದರೂ ಕಾಯಬಹುದು.

ಗೋಲ್ಡನ್ ದಾಟಿದ ಮೇಲೆ ಹೆದ್ದಾರಿ ಕೊಲಂಬಿಯಾ ನದಿಯನ್ನು ದಾಟುತ್ತದೆ. ಇಲ್ಲಿ ನದಿ ಉತ್ತರಕ್ಕೆ ಹರಿಯುತ್ತಿದೆ. ರಾಜರ್ಸ್ ಘಾಟಿ ಹತ್ತಿಳಿದು ರೆವೆಲ್‌ಸ್ಟೋಕ್ ಮುಟ್ಟಿದಾಗ ಮತ್ತೆ ಅದೇ ನದಿ, ಈಗ ದಕ್ಷಿಣಕ್ಕೆ! ಬೆಟ್ಟಸಾಲನ್ನು ಬಳಸಿಕೊಂಡು ಬಂದಿದೆ. ನಡುವಿನ ರಾಜರ್ಸ್ ಘಾಟಿಯಲ್ಲಿ 1910ರ ಮಾರ್ಚ್ 4ರ ರಾತ್ರಿ, ಹಳಿಯ ಮೇಲೆ ಬಿದ್ದಿದ್ದ ಹಿಮ ತೆಗೆಯುತ್ತಿದ್ದವರ ಮೇಲೆ ಇನ್ನೊಂದು ಹಿಮಕುಸಿತವಾಗಿ 58 ಕೆಲಸಗಾರರು ಸತ್ತರು, ಅವರಲ್ಲಿ ಬಹಳ ಮಂದಿ ಜಪಾನಿನಿಂದ ಬಂದವರು. ದಶಕಗಳಿಂದ ಇಲ್ಲಿ ಚಳಿಗಾಲದಲ್ಲಿ ಸೇನೆಯೇ ಫಿರಂಗಿ ಹಾರಿಸಿ, ಕೂಡಿದ ಹಿಮವನ್ನು ಬೇಕೆಂದೇ ಮೊದಲೇ ಬೀಳಿಸುತ್ತ ಬಂದಿದೆ.

ಸಿಕಮೂಸ್ ಬಳಿ ಎಡಕ್ಕೆ ತಿರುಗಿ ವರ್ನನ್ ಕಡೆ ಇಳಿಯುತ್ತಿದ್ದಂತೆ ದೇವದಾರು ಹಿಂದೆ ಸರಿದು ಒಣ ಹುಲ್ಲಿನ ಗುಡ್ಡ ಶುರು. ಆಗುಂಬೆಯಲ್ಲಿ ಬರಿದಾದ ಮೋಡ ಚಳ್ಳಕೆರೆಗೆ ಬರಿಗೈಯಲ್ಲಿ ಬರುವ ಹಾಗೆ, ಪೆಸಿಫಿಕ್‌ನಿಂದ ಬಂದ ಮಳೆಯೆಲ್ಲ ಕರಾವಳಿಯ ಬೆಟ್ಟಸಾಲಿಗೇ ಮುಗಿದು ಓಕನಾಗನ್ ಮಳೆನೆರಳಲ್ಲಿ ಕುಳಿತಿದೆ. ದಕ್ಷಿಣ ತುದಿಯ ಒಸೂಯೂಸ್‌ನಲ್ಲಿ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ, ಕಳ್ಳಿ ಗಿಡ, ಬುಡುಬುಡಿಕೆ ಬಾಲದ ಹಾವು. ಇಂಥಲ್ಲಿ ದ್ರಾಕ್ಷಿಗೆ ಆಸರೆ ಕಣಿವೆಯುದ್ದಕ್ಕೂ ಮಲಗಿರುವ ಕೆರೆ. 135 ಕಿಲೋಮೀಟರ್ ಉದ್ದ, 232 ಮೀಟರ್ ಆಳ. ಬೇಸಿಗೆಯ ಬಿಸಿಯನ್ನು ಕೂಡಿಟ್ಟುಕೊಂಡು ಚಳಿಯಲ್ಲಿ ಬಿಡುತ್ತದೆ. ಕೆರೆಯನ್ನು ಕೆತ್ತಿದ್ದು ಹಿಮಯುಗದ ಹಿಮ. ದಡದ ಬಿಳಿ ಮಣ್ಣಿನ ದಿಬ್ಬಗಳು ಆ ಹಿಮ ಕರಗುವಾಗ ನಿಂತ ನೀರಿನಡಿ ಕುಳಿತ ಬಂಡೆಪುಡಿ. ನಾರಮಾಟಾದ ತೋಟಗಳು ಇರುವುದು ಅಂಥ ದಿಬ್ಬಗಳ ಮೇಲೆ. ಓಕನಾಗನ್‌ನ ನೀರೂ ದಕ್ಷಿಣಕ್ಕೆ ಹರಿದು, ಅಮೆರಿಕದ ಗಡಿ ದಾಟಿ, ಕೊನೆಗೆ ಅದೇ ಕೊಲಂಬಿಯಾ ನದಿಗೆ ಸೇರುತ್ತದೆ.

ಇಲ್ಲಿಯ ವೈನ್ ಹೆಸರು ಮಾಡಿದ್ದು ಈಚೆಗೆ. 1988ರಲ್ಲಿ ಅಮೆರಿಕದೊಂದಿಗೆ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಸಹಿ ಬಿದ್ದಾಗ ಕ್ಯಾಲಿಫೋರ್ನಿಯಾದ ಅಗ್ಗದ ವೈನ್ ಎದುರು ಇಲ್ಲಿಯ ಹುಳಿ ಮಿಶ್ರತಳಿಗಳು ನಿಲ್ಲುವಂತಿರಲಿಲ್ಲ. ಸರ್ಕಾರವೇ ದುಡ್ಡು ಕೊಟ್ಟು ಮೂರರಲ್ಲಿ ಎರಡು ಪಾಲು ಬಳ್ಳಿ ಕೀಳಿಸಿತು. ಉಳಿದ ಹಟಮಾರಿಗಳು ಯುರೋಪಿನ ತಳಿ ನೆಟ್ಟರು. 1994ರಲ್ಲಿ ಮಿಷನ್ ಹಿಲ್‌ನ ಶಾರ್ಡೊನೆಗೆ ಲಂಡನ್ನಿನ ಸ್ಪರ್ಧೆಯಲ್ಲಿ ಪ್ರಶಸ್ತಿ ಬಂತು. ಕೆಲೋನಾ ಸುತ್ತ ತಂಪು ಬೇಡುವ ರೀಸ್ಲಿಂಗ್, ಪಿನೋ ನ್ವಾರ್. ದಕ್ಷಿಣಕ್ಕೆ ಆಲಿವರ್, ಒಸೂಯೂಸ್‌ಗಳಲ್ಲಿ ಬಿಸಿಲು ಬೇಡುವ ಮರ್ಲೊ, ಸಿರಾ. ಒಸೂಯೂಸ್‌ನ ಮೂಲನಿವಾಸಿಗಳು 2002ರಲ್ಲಿ ತೆರೆದ ಇಂಕಮೀಪ್ ಸೆಲ್ಲರ್ಸ್, ಉತ್ತರ ಅಮೆರಿಕದಲ್ಲಿ ಮೂಲನಿವಾಸಿಗಳ ಒಡೆತನದ ಮೊದಲ ವೈನರಿ. ಒಂದೇ ವೈನರಿಗೆ ಹೋಗುವಷ್ಟು ಸಮಯವಿದ್ದರೆ ನಾನು ಅಲ್ಲಿಗೇ ಕಳಿಸುತ್ತೇನೆ.

2024ರ ಜನವರಿಯಲ್ಲಿ ಬಂದ ಕಡುಚಳಿಗೆ ಮೊಗ್ಗುಗಳೆಲ್ಲ ಸತ್ತು ಆ ವರ್ಷದ ಬೆಳೆ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಹೊರಗಿನ ದ್ರಾಕ್ಷಿ ತರಿಸಿ ವೈನ್ ಮಾಡಲು ಸರ್ಕಾರ ಅನುಮತಿ ಕೊಟ್ಟಿತು. ಹಾಗಾಗಿ 2024 ಎಂದಿರುವ ಬಾಟಲಿಯ ಹಿಂದಿನ ಚೀಟಿ ಓದಿಯೇ ಕೊಳ್ಳಿ. ಜ್ಯಾಸ್ಪರ್ ಸುಟ್ಟದ್ದೂ ಅದೇ ವರ್ಷ.

ಇನ್ನು ಕುಡಿಯುವ ಮಾತು. ರುಚಿ ನೋಡಲು ಕೊಡುವ ಗುಟುಕುಗಳು ಸಣ್ಣವೇ, ಆದರೆ ನಾಲ್ಕು ವೈನರಿ ಸುತ್ತಿದರೆ ಲೆಕ್ಕ ಏರುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ರಕ್ತದ ಮದ್ಯಾಂಶ 0.05 ಮುಟ್ಟಿದರೇ ಸ್ಥಳದಲ್ಲಿಯೇ ಪರವಾನಗಿ ತಡೆಹಿಡಿಯುತ್ತಾರೆ. ಉಗಿಯಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ. ಇಲ್ಲವೇ ಆ ದಿನ ಕಾರು ಬಿಟ್ಟು ವೈನ್ ಟೂರಿನ ವ್ಯಾನ್ ಹತ್ತಿ. ಕುಡಿಯದವರಿಗೂ ಕಣಿವೆ ಬರಿದಲ್ಲ. ರಸ್ತೆ ಬದಿಯ ಹಣ್ಣಿನ ಅಂಗಡಿಗಳಲ್ಲಿ ಸೇಬು, ಪೇರ್, ಪ್ಲಮ್ ರಾಶಿ ಬಿದ್ದಿರುತ್ತದೆ. ಆಲಿವರ್, ಒಸೂಯೂಸ್ ಸುತ್ತಿನ ತೋಟಗಳಲ್ಲಿ ಅನೇಕವು ಪಂಜಾಬಿ ಕುಟುಂಬಗಳವು. ಗಲ್ಲಾದಲ್ಲಿ ಕುಳಿತ ಅಜ್ಜಿ ‘ಇಂಡಿಯಾದಲ್ಲಿ ಯಾವೂರು’ ಎಂದು ಕೇಳದೆ ಬಿಡುವುದು ಅಪರೂಪ.

ಒಸೂಯೂಸ್‌ನಿಂದ ವ್ಯಾಂಕೂವರ್‌ಗೆ 3ನೇ ನಂಬರಿನ ಹೆದ್ದಾರಿಯಲ್ಲಿ ಸುಮಾರು 400 ಕಿಲೋಮೀಟರ್. ಮ್ಯಾನಿಂಗ್ ಉದ್ಯಾನದ ಕಾಡು ದಾಟುವಾಗ ಮಳೆ ಮತ್ತೆ ಹಿಡಿಯುವ ಸಾಧ್ಯತೆಯೇ ಹೆಚ್ಚು. ದಾರಿಯಲ್ಲಿ ಅಬಟ್ಸ್‌ಫರ್ಡ್‌ನಲ್ಲಿ ನಿಲ್ಲಿಸಿ. ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದ ಸಿಖ್ಖರು ದಿಮ್ಮಿ ಹೊತ್ತು ಗುಡ್ಡ ಹತ್ತಿಸಿ ಕಟ್ಟಿದ ಗುರುದ್ವಾರ 1911ರಿಂದ ನಿಂತಿದೆ. ಉತ್ತರ ಅಮೆರಿಕದಲ್ಲಿ ಉಳಿದಿರುವ ಅತಿ ಹಳೆಯ ಗುರುದ್ವಾರ ಅದೇ. ಕೆಳಗಿನ ಮಾಳಿಗೆಯಲ್ಲಿ ವಸ್ತುಸಂಗ್ರಹಾಲಯ, ರಸ್ತೆಯಾಚೆ ಹೊಸ ಗುರುದ್ವಾರ. ತಲೆಗೆ ವಸ್ತ್ರ ಕಟ್ಟಿಕೊಂಡು ಲಂಗರ್‌ನ ಪಂಕ್ತಿಯಲ್ಲಿ ಕುಳಿತು ಬಿಸಿ ರೊಟ್ಟಿ, ದಾಲ್ ಉಂಡು ಹೊರಟರೆ ವ್ಯಾಂಕೂವರ್ ವಿಮಾನ ನಿಲ್ದಾಣ ಇನ್ನೊಂದು ಗಂಟೆಯ ದಾರಿ. ಸಂಜೆಯ ಟ್ರಾಫಿಕ್ಕಿಗೆ ಸಿಕ್ಕಿದರೆ ಎರಡು ಗಂಟೆ.