ಲೆದರ್ ಜಾಕೆಟ್ ಕೊಳ್ಳೋ ಮುಂಚೆ: ಕುರಿಯೋ, ಮೇಕೆಯೋ, ಎಮ್ಮೆಯೋ, ಇಲ್ಲಾ ಬರೀ ಪ್ಲಾಸ್ಟಿಕ್ಕೋ?

ನವೆಂಬರ್ ಬಂತು ಅಂದ್ರೆ ಮಲೆನಾಡಿನ ಊರುಗಳ ಬಸ್ ಸ್ಟ್ಯಾಂಡ್ ಹತ್ರ ಹಗ್ಗಕ್ಕೆ ಜಾಕೆಟ್‌ಗಳು ನೇತಾಡೋಕೆ ಶುರು. ಬೆಳಗಿನ ಚಳೀಲಿ ಬೈಕ್ ಮೇಲೆ ಕೆಲಸಕ್ಕೆ ಹೋಗೋರು, ತೋಟಕ್ಕೆ ಹೋಗೋರು, ಕಾಲೇಜು ಹುಡುಗರು ಎಲ್ಲರ ಕಣ್ಣೂ ಆ ಕಪ್ಪು ಜಾಕೆಟ್ ಮೇಲೆ. ಮಾತುಕತೆ ಎಲ್ಲಾ ಕಡೆ ಒಂದೇ ತರ ಇರುತ್ತೆ.

“ಅಣ್ಣಾ, ಇದು ಒರಿಜಿನಲ್ ಲೆದರ್ರಾ?”

“ಪ್ಯೂರ್ ಲೆದರ್ ಸಾರ್, ಮೂಸಿ ನೋಡಿ ಬೇಕಾದ್ರೆ.”

ಮೂಸಿ ನೋಡಿ ತಗೊಂಡ ಜಾಕೆಟ್ ಎರಡು ಮಳೆಗಾಲ ಕಳೆಯೋದ್ರೊಳಗೆ ಕಾಲರ್ ಹತ್ರ ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತೆ. ಬಿಳಿ ಶರ್ಟ್ ಮೇಲೆಲ್ಲಾ ಕಪ್ಪು ಪುಡಿ. ಆಗ ಗಿರಾಕಿ ಅಂಗಡಿಯವರನ್ನ ಬೈಯ್ತಾರೆ, ಅಂಗಡಿಯವರು ಹೋಲ್‌ಸೇಲ್‌ನವರನ್ನ ಬೈಯ್ತಾರೆ. ದುಡ್ಡಂತೂ ಹೋಯ್ತು. ಇದನ್ನ ತಪ್ಪಿಸೋಕೆ ದೊಡ್ಡ ವಿದ್ಯೆ ಏನೂ ಬೇಡ. ಯಾವ ಪ್ರಾಣಿಯ ಚರ್ಮ, ಚರ್ಮದ ಯಾವ ಪದರ, ನಿಮಗೆ ಯಾವ ಕೆಲಸಕ್ಕೆ ಬೇಕು ಅನ್ನೋ ಮೂರು ವಿಷಯ ಗೊತ್ತಿದ್ರೆ ಸಾಕು.

ಮೊದಲು ಕೆಲಸ ಯಾವುದು ಅಂತ ತೀರ್ಮಾನ ಮಾಡಿ

ಮದುವೆ, ಪೇಟೆ, ಆಫೀಸ್‌ಗೆ ಹಾಕ್ಕೊಳ್ಳೋ ಜಾಕೆಟ್ ಬೇರೆ. ದಿನಾ 30-40 ಕಿಲೋಮೀಟರ್ ಬೈಕ್ ಓಡಿಸೋರಿಗೆ ಬೇಕಾದ ಜಾಕೆಟ್ ಬೇರೆ. ಎರಡೂ ನೋಡೋಕೆ ಒಂದೇ ತರ ಇರಬಹುದು, ಆದ್ರೆ ಚರ್ಮದ ದಪ್ಪದಲ್ಲೇ ವ್ಯತ್ಯಾಸ ಇದೆ. ಷೋಕಿಗೆ ಹಾಕೋ ಜಾಕೆಟ್‌ನ ಚರ್ಮ ಸಾಮಾನ್ಯವಾಗಿ 1 ಮಿಲಿಮೀಟರ್‌ಗಿಂತ ತೆಳು. ಬೈಕ್ ಸವಾರಿಗೆ ಅಂತಲೇ ಮಾಡಿದ್ದು 1.1ರಿಂದ 1.4 ಮಿಲಿಮೀಟರ್ ಆಸುಪಾಸು ಇರುತ್ತೆ. ಕೈಯಲ್ಲಿ ಹಿಡಿದ್ರೆ ಭಾರದಲ್ಲೇ ಗೊತ್ತಾಗುತ್ತೆ.

ಇನ್ನೊಂದು ಮಾತು. ಲೆದರ್ ಜಾಕೆಟ್ ರೈನ್‌ಕೋಟ್ ಅಲ್ಲ. ಗಾಳಿ ತಡೆಯುತ್ತೆ, ಸಣ್ಣ ಸೋನೆ ತಡ್ಕೊಳ್ಳುತ್ತೆ ಅಷ್ಟೇ. ಶೃಂಗೇರಿ, ಕೊಪ್ಪ, ಆಗುಂಬೆ ಕಡೆಯ ಜೂನ್-ಜುಲೈ ಮಳೆಗೆ ಅದನ್ನೇ ನಂಬಿಕೊಂಡು ಹೊರಟ್ರೆ ಜಾಕೆಟ್ಟೂ ಹಾಳು, ಮೈಯೂ ಒದ್ದೆ. ಮಳೇಲಿ ಮೇಲೆ ರೈನ್‌ಕೋಟ್ ಹಾಕ್ಕೊಳ್ಳಲೇಬೇಕು.

ಯಾವ ಚರ್ಮ ಹೇಗೆ?

ಕುರಿ ಚರ್ಮ: ಬಹಳ ಮೆತ್ತಗೆ, ಹಗುರ. ಹಾಕ್ಕೊಂಡ ದಿನದಿಂದಲೇ ಮೈಗೆ ಒಗ್ಗುತ್ತೆ. ಶೋರೂಮ್‌ಗಳಲ್ಲಿ ‘ನಾಪ್ಪಾ’ ಅಂತ ಮಾರೋ ಜಾಕೆಟ್ ಹೆಚ್ಚಾಗಿ ಇದೇ. ಆದ್ರೆ ಬೇಗ ಗೀರು ಬೀಳುತ್ತೆ, ಮುಳ್ಳಿಗೋ ಮೊಳೆಗೋ ಸಿಕ್ಕಿದ್ರೆ ಹರಿಯುತ್ತೆ. ಪೇಟೆ ಓಡಾಟಕ್ಕೆ ಸರಿ, ತೋಟದ ಕೆಲಸಕ್ಕೆ ಬೇಡ.

ಮೇಕೆ ಚರ್ಮ: ಕುರಿಗಿಂತ ಗಟ್ಟಿ, ಆದ್ರೂ ಹಗುರ. ಮೇಲ್ಮೈ ಸಣ್ಣ ಸಣ್ಣ ಹರಳು ಹರಳಾಗಿ ಕಾಣುತ್ತೆ. ಸವೆತ ಚೆನ್ನಾಗಿ ತಡೆಯುತ್ತೆ. ಪೇಟೆಗೂ ಆಗಬೇಕು, ದಿನಾ ಸ್ವಲ್ಪ ದೂರ ಬೈಕಿಗೂ ಆಗಬೇಕು, ಒಂದೇ ಜಾಕೆಟ್ ಕೊಳ್ಳೋಕಾಗೋದು ಅನ್ನೋರಿಗೆ ಇದು ನಡುವಿನ ದಾರಿ.

ಎಮ್ಮೆ ಮತ್ತು ದನದ ಚರ್ಮ: ದಪ್ಪ, ಭಾರ, ಗಟ್ಟಿ. ಬೈಕ್ ಜಾಕೆಟ್‌ಗೆ ಬಳಸೋದು ಹೆಚ್ಚಾಗಿ ಇವೇ. ಎಮ್ಮೆ ಚರ್ಮದ ಮೇಲಿನ ಗೆರೆಗಳು ಒರಟಾಗಿ, ದೊಡ್ಡದಾಗಿ ಕಾಣುತ್ತವೆ, ದನದ್ದು ಸ್ವಲ್ಪ ನಯ. ಹೊಸದರಲ್ಲಿ ತೋಳು ಮಡಚೋಕೂ ಬಿಗಿ ಅನ್ಸುತ್ತೆ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ.

ಸ್ವೇಡ್: ಮಖಮಲ್ಲಿನ ತರ ಜುಮ್ಮು ಇರೋ ಚರ್ಮ. ಚರ್ಮದ ಒಳಮೈಯನ್ನ ಉಜ್ಜಿ ಮಾಡೋದು. ನೋಡೋಕೆ ಚೆಂದ. ಆದ್ರೆ ನೀರು ಹೀರುತ್ತೆ, ಕಲೆ ಹಿಡಿಯುತ್ತೆ, ಧೂಳು ಕೂರುತ್ತೆ. ಮಲೆನಾಡಿನ ಹವಾಮಾನಕ್ಕೆ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ.

ಪ್ರಾಣಿಗಿಂತ ಪದರ ಮುಖ್ಯ

ಮೋಸ ಆಗೋದು ಬಹುತೇಕ ಇಲ್ಲೇ. ದಪ್ಪ ಚರ್ಮವನ್ನ ಮೆಷಿನ್‌ನಲ್ಲಿ ಪದರ ಪದರವಾಗಿ ಸೀಳ್ತಾರೆ. ಕೂದಲು ಇದ್ದ ಮೇಲ್ಭಾಗದಲ್ಲಿ ನಾರುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಚರ್ಮದ ಗಟ್ಟಿತನ ಇರೋದೇ ಅಲ್ಲಿ. ಆ ಮೇಲ್ಮೈಯನ್ನ ಉಜ್ಜದೆ ಹಾಗೇ ಉಳಿಸಿದ್ರೆ ಅದು ‘ಫುಲ್ ಗ್ರೇನ್’. ಸೊಳ್ಳೆ, ಉಣ್ಣೆ ಕಚ್ಚಿದ ಕಲೆ, ಗೀರು ಎಲ್ಲಾ ಸಣ್ಣಗೆ ಕಾಣಬಹುದು. ಅದು ದೋಷ ಅಲ್ಲ, ಮೇಲ್ಪದರ ಉಳಿದಿದೆ ಅನ್ನೋದಕ್ಕೆ ಗುರುತು. ಮೇಲ್ಮೈಯನ್ನ ಸ್ವಲ್ಪ ಉಜ್ಜಿ, ಬಣ್ಣ ಕೊಟ್ಟು ಸಮ ಮಾಡಿದ್ರೆ ಅದು ‘ಟಾಪ್ ಗ್ರೇನ್’. ಇದೂ ಒಳ್ಳೆಯದೇ, ಬಾಳಿಕೆ ಸ್ವಲ್ಪ ಕಮ್ಮಿ.

ಕೆಳಗೆ ಉಳಿಯೋ ಪದರಕ್ಕೆ ‘ಸ್ಪ್ಲಿಟ್’ ಅಂತಾರೆ. ಅದರ ಮೇಲೆ ಪ್ಲಾಸ್ಟಿಕ್ ಲೇಪ ಹಾಕಿ, ಚರ್ಮದ ಗೆರೆಗಳ ಅಚ್ಚು ಒತ್ತಿದ್ರೆ ನೋಡೋಕೆ ಫುಲ್ ಗ್ರೇನ್‌ಗಿಂತ ಚೆನ್ನಾಗಿ ಕಾಣುತ್ತೆ! ಅದರ ಮೇಲೂ ‘ಜೆನ್ಯೂನ್ ಲೆದರ್’ ಅಂತ ಲೇಬಲ್ ಇರುತ್ತೆ. ಸುಳ್ಳೂ ಅಲ್ಲ, ಯಾಕಂದ್ರೆ ಅದು ಚರ್ಮವೇ. ಆ ಲೇಬಲ್‌ನಿಂದ ತಿಳಿಯೋದು ಒಳಗೆ ಚರ್ಮ ಇದೆ ಅಂತ ಮಾತ್ರ, ಯಾವ ದರ್ಜೆಯ ಚರ್ಮ ಅಂತ ಅಲ್ಲ.

ಅದಕ್ಕಿಂತ ಕೆಳಗೆ ‘ಬಾಂಡೆಡ್ ಲೆದರ್’. ಚರ್ಮದ ಚೂರು, ಪುಡಿಗಳನ್ನ ಅಂಟಿನ ಜೊತೆ ಕಲಸಿ ಹಾಳೆ ಮಾಡಿದ್ದು. ಚರ್ಮದ ಬಾಳಿಕೆ ಇದರಲ್ಲಿ ಹುಡುಕಬೇಡಿ.

ಕೊನೆಗೆ ಪಿಯು. ಕಾಲೇಜಿನ ಪಿಯು ಅಲ್ಲ, ಪಾಲಿಯುರೆಥೇನ್. ಬಟ್ಟೆ ಮೇಲೆ ಪ್ಲಾಸ್ಟಿಕ್ ಲೇಪ ಹಾಕಿರೋದು, ನಮ್ಮ ಕಡೆ ಒಟ್ಟಾರೆ ರೆಕ್ಸಿನ್ ಅಂತೀವಲ್ಲ, ಅದೇ ಜಾತಿ. ಆನ್‌ಲೈನ್‌ನಲ್ಲಿ ‘ಫಾಕ್ಸ್ ಲೆದರ್’, ‘ಲೆದರೆಟ್’, ‘ವೀಗನ್ ಲೆದರ್’ ಅಂತ ಮಾರೋದು ಬಹುತೇಕ ಇದೇ. ಪಿಯು ಲೇಪಕ್ಕೆ ತೇವ ಮತ್ತು ಶಾಖ ಎರಡೂ ಶತ್ರು. ಗಾಳಿಯಲ್ಲಿರೋ ತೇವಕ್ಕೇ ಅದು ನಿಧಾನಕ್ಕೆ ಶಿಥಿಲವಾಗಿ ಸಿಪ್ಪೆ ಏಳುತ್ತೆ. ಹಾಕ್ಕೊಳ್ಳದೆ ಬೀರುವಿನಲ್ಲೇ ಇಟ್ಟಿದ್ರೂ ಏಳುತ್ತೆ. ವರ್ಷಕ್ಕೆ ನಾಲ್ಕೈದು ತಿಂಗಳು ಗೋಡೆಯೇ ಬೆವರೋ ಊರಲ್ಲಿ ಅದು ಬೇಗ ಹಾಳಾಗೋದ್ರಲ್ಲಿ ಆಶ್ಚರ್ಯ ಇಲ್ಲ.

ಅಂಗಡಿಯಲ್ಲಿ ನಿಂತು ಹೇಗೆ ನೋಡೋದು?

ವಾಸನೆ ನಂಬಬೇಡಿ. ಚರ್ಮದ ವಾಸನೆಯ ಸ್ಪ್ರೇ ಸಿಗುತ್ತೆ. ಬೆಂಕಿ ತಾಗಿಸಿ ತೋರಿಸಿದ್ರೂ ನಂಬಬೇಡಿ. ಸ್ಪ್ಲಿಟ್ ಚರ್ಮ ಸುಟ್ಟರೂ ಕೂದಲು ಸುಟ್ಟ ವಾಸನೆಯೇ ಬರೋದು. ನೀರಿನ ಹನಿ ಹಾಕೋ ಪರೀಕ್ಷೆಯೂ ಅಷ್ಟೇ, ಬಣ್ಣ ಕೊಟ್ಟು ಮುಗಿಸಿದ ಒಳ್ಳೆ ಚರ್ಮವೂ ಬೇಗ ನೀರು ಹೀರಲ್ಲ.

ಅದರ ಬದಲು ಹೀಗೆ ಮಾಡಿ:

ಒಂದು, ಅಂಚು ನೋಡಿ. ಜೇಬಿನ ಒಳಗೆ, ಜಿಪ್ ಪಕ್ಕ, ಲೈನಿಂಗ್ ಬಿಟ್ಟ ಜಾಗದಲ್ಲಿ ಕತ್ತರಿಸಿದ ಅಂಚು ಸಿಗುತ್ತೆ. ನಾರು ನಾರಾಗಿದ್ರೆ ಚರ್ಮ. ಹಿಂದೆ ಬಟ್ಟೆಯ ನೇಯ್ಗೆ ಕಂಡ್ರೆ ಪಿಯು. ನಾರಿನ ಮೇಲೆ ಪ್ಲಾಸ್ಟಿಕ್ ಹಾಳೆ ಬೇರೆಯಾಗಿ ಕಂಡ್ರೆ ಲೇಪ ಹಾಕಿದ ಸ್ಪ್ಲಿಟ್ ಇರಬಹುದು.

ಎರಡು, ಮೇಲ್ಮೈಯ ರಂಧ್ರ, ಗೆರೆ ನೋಡಿ. ಎದೆ, ಬೆನ್ನು, ತೋಳು ಎಲ್ಲಾ ಕಡೆ ಒಂದೇ ಅಳತೆಯ ವಿನ್ಯಾಸ ಮತ್ತೆ ಮತ್ತೆ ಬಂದಿದ್ರೆ ಅದು ಅಚ್ಚು. ಮೇಲ್ಮೈ ಉಜ್ಜದ ಚರ್ಮ ಎರಡು ಕಡೆ ಒಂದೇ ತರ ಇರಲ್ಲ, ನಮ್ಮ ಅಂಗೈ ಗೆರೆ ಇದ್ದ ಹಾಗೆ.

ಮೂರು, ಹೆಬ್ಬೆರಳಿಂದ ಒತ್ತಿ. ಚರ್ಮ ಆದ್ರೆ ಬೆರಳಿನ ಸುತ್ತ ಸಣ್ಣ ಸುಕ್ಕು ಹರಡುತ್ತೆ, ಬಿಟ್ಟ ಮೇಲೆ ನಿಧಾನಕ್ಕೆ ಹೋಗುತ್ತೆ. ದಪ್ಪ ಲೇಪ ಇದ್ರೆ ಬರೀ ಗುಳಿ ಬೀಳುತ್ತೆ.

ನಾಲ್ಕು, ಲೆಕ್ಕ ಹಾಕಿ. ಹದ ಮಾಡಿದ ಚರ್ಮ ಮಾರಾಟ ಆಗೋದು ಚದರ ಅಡಿ ಲೆಕ್ಕದಲ್ಲಿ. ದೊಡ್ಡವರ ಒಂದು ಜಾಕೆಟ್‌ಗೆ, ಕತ್ತರಿಸುವಾಗ ಹೋಗೋ ಚೂರು ಸೇರಿ, ಅಂದಾಜು 35 ಚದರ ಅಡಿ ಬೇಕು ಅಂತಿಟ್ಕೊಳ್ಳಿ. ಒಂದು ಕುರಿಯಿಂದ ಸಿಗೋದು ಆರೇಳು ಚದರ ಅಡಿ, ಅಂದ್ರೆ ಐದಾರು ಕುರಿ ಚರ್ಮ ಒಂದು ಜಾಕೆಟ್‌ಗೆ. ಚದರ ಅಡಿಗೆ ಬರೀ 100 ರೂಪಾಯಿ ಹಿಡಿದ್ರೂ ಚರ್ಮಕ್ಕೇ 3,500 ರೂಪಾಯಿ. ಜಿಪ್, ಲೈನಿಂಗ್, ಹೊಲಿಗೆ ಕೂಲಿ, ಸಾಗಣೆ, ಅಂಗಡಿಯ ಲಾಭ ಇನ್ನೂ ಸೇರಿಲ್ಲ. ಹಾಗಿದ್ಮೇಲೆ 1,500 ರೂಪಾಯಿಗೆ ಹೊಸ ‘ಪ್ಯೂರ್ ಲೆದರ್’ ಜಾಕೆಟ್ ಹೇಗೆ ಬರುತ್ತೆ? ನೀವೇ ಯೋಚನೆ ಮಾಡಿ.

ಬೈಕ್ ಸವಾರರಿಗೆ

ಬಿದ್ದಾಗ ಮೈ ಟಾರ್ ರಸ್ತೆ ಮೇಲೆ ಉಜ್ಜಿಕೊಂಡು ಹೋಗುತ್ತಲ್ಲ, ಆಗ ಕೆಲಸಕ್ಕೆ ಬರೋದು ಚರ್ಮದ ದಪ್ಪ, ಹೊಲಿಗೆ ಮತ್ತು ಒಳಗಿನ ಪ್ಯಾಡ್. ತೆಳು ಕುರಿ ಚರ್ಮ ಬೇಗ ಹರಿಯುತ್ತೆ. ಪಿಯು ಅಂತೂ ಉಜ್ಜಿದ ಬಿಸಿಗೆ ಕರಗೋ ವಸ್ತು. ಭುಜ, ಮೊಣಕೈ, ಬೆನ್ನಿಗೆ ಪ್ಯಾಡ್ ಇರಬೇಕು, ಮುಖ್ಯ ಹೊಲಿಗೆಗಳು ಎರಡು ಸಾಲಾದ್ರೂ ಇರಬೇಕು.

ಸವಾರಿ ಜಾಕೆಟ್‌ಗಳಿಗೆ ಯುರೋಪಿನ ‘ಇಎನ್ 17092’ ಅನ್ನೋ ಮಾನದಂಡ ಇದೆ. ಎಎಎ, ಎಎ, ಎ ಅಂತ ದರ್ಜೆ, ಎಎಎ ಎಲ್ಲಕ್ಕಿಂತ ಮೇಲಿನದು. ಪ್ಯಾಡ್‌ಗೆ ‘ಇಎನ್ 1621’. ಜಾಕೆಟ್ ಒಳಗಿನ ಲೇಬಲ್‌ನಲ್ಲಿ ಈ ಸಂಖ್ಯೆ ಇದೆಯಾ ನೋಡಿ. ಲೆದರ್‌ನಲ್ಲಿ ಇಷ್ಟೆಲ್ಲಾ ಇರೋದು ಬಜೆಟ್‌ಗೆ ಸಿಗದಿದ್ರೆ, ದರ್ಜೆ ಮತ್ತು ಪ್ಯಾಡ್ ಇರೋ ಬಟ್ಟೆಯ ರೈಡಿಂಗ್ ಜಾಕೆಟ್ ತಗೊಳ್ಳಿ. ಪ್ಯಾಡ್ ಇಲ್ಲದ ಷೋಕಿ ಲೆದರ್‌ಗಿಂತ ಅದು ಎಷ್ಟೋ ಮೇಲು.

ನಮ್ಮ ಊರಿನ ನಿಜವಾದ ಶತ್ರು: ಬೂಸ್ಟು

ಒಳ್ಳೆ ಚರ್ಮ ತಗೊಂಡ್ರೂ ಮಳೆಗಾಲದಲ್ಲಿ ಬೂಸ್ಟು ಹಿಡಿದು ಹಾಳಾಗೋ ಸಾಧ್ಯತೆ ಇದ್ದೇ ಇದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತೆ. ಅಗಲವಾದ ಹ್ಯಾಂಗರ್‌ಗೆ ಹಾಕಿ, ಹಳೇ ಕಾಟನ್ ಬೆಡ್‌ಶೀಟ್ ಮುಚ್ಚಿ. ಮಳೆ ಬಿಟ್ಟ ದಿನ ಬೀರು ಬಾಗಿಲು ತೆಗೆದಿಡಿ, ಹದಿನೈದು ದಿನಕ್ಕೊಮ್ಮೆ ಜಾಕೆಟ್ ಹೊರಗೆ ತೆಗೆದು ಗಾಳಿಗೆ ಹಾಕಿ.

ಒದ್ದೆ ಆದ್ರೆ ನೆರಳಲ್ಲಿ, ಫ್ಯಾನ್ ಗಾಳಿಗೆ ಒಣಗಿಸಿ. ಬಟ್ಟೆ ಒಣಗಿಸೋ ಹಾಗೆ ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕಿದ್ರೆ ಚರ್ಮ ಹಪ್ಪಳದ ತರ ಸೆಟೆದುಕೊಳ್ಳುತ್ತೆ, ಮತ್ತೆ ಸರಿಹೋಗೋದು ಕಷ್ಟ. ಬಿರುಬಿಸಿಲೂ ಬೇಡ.

ಬೂಸ್ಟು ಬಂದಿದ್ರೆ ಮನೆ ಹೊರಗೆ ಒಯ್ದು ಒಣ ಬಟ್ಟೆಯಿಂದ ಒರೆಸಿ. ಆಮೇಲೆ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಬಣ್ಣ ಬಿಡುತ್ತಾ ಅಂತ ಒಳಗಡೆ ಕಾಣದ ಜಾಗದಲ್ಲಿ ಮೊದಲು ನೋಡಿಕೊಳ್ಳಿ. ಸ್ವೇಡ್‌ಗೆ ಮಾತ್ರ ಇದನ್ನ ಮಾಡಬೇಡಿ. ಕೊಬ್ಬರಿ ಎಣ್ಣೆ ಹಚ್ಚೋ ಅಭ್ಯಾಸ ಬಹಳ ಜನಕ್ಕಿದೆ. ಅದರಿಂದ ಬಣ್ಣ ಕಪ್ಪಾಗುತ್ತೆ, ಜಿಡ್ಡಿಗೆ ಧೂಳು, ಬೂಸ್ಟು ಇನ್ನೂ ಹಿಡಿಯುತ್ತೆ. ಅಂಗಡಿಯಲ್ಲಿ ಸಿಗೋ ಲೆದರ್ ಕಂಡೀಷನರ್ ವರ್ಷಕ್ಕೆ ಒಂದೆರಡು ಸಲ, ತೆಳ್ಳಗೆ ಹಚ್ಚಿದ್ರೆ ಸಾಕು.

ಬಿಲ್‌ನಲ್ಲಿ ಬರೆಸಿ, ಬಿಲ್‌ನಲ್ಲಿ ಬರೀರಿ

ಗ್ರಾಹಕರಿಗೆ ಒಂದು ಮಾತು. ಬಿಲ್ ಕೇಳಿ, ಅದರಲ್ಲಿ ಬರೀ ‘ಜಾಕೆಟ್’ ಅಂತ ಅಲ್ಲ, ‘ಮೇಕೆ ಚರ್ಮ’, ‘ಕುರಿ ಚರ್ಮ’, ‘ಪಿಯು’ ಅಂತ ಬರೆಸಿ. ಬಾಯಲ್ಲಿ ‘ಪ್ಯೂರ್ ಲೆದರ್’ ಅಂದವರು ಬಿಲ್‌ನಲ್ಲಿ ಬರೆಯೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲೇ ಉತ್ತರ ಸಿಕ್ಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರೋದು ಅನುಚಿತ ವ್ಯಾಪಾರ ಪದ್ಧತಿ. ದೋಷ ಇರೋ ಮಾಲನ್ನ ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲ ಅಂದ್ರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲ್ಲ ಅನ್ನೋದೂ ಅದರಲ್ಲೇ ಬರುತ್ತೆ. ತಕರಾರು ಇದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಇಷ್ಟು ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕ ಇಲ್ಲ.

ಅಂಗಡಿಯವರಿಗೂ ಒಂದು ಮಾತು. ಪಿಯು ಜಾಕೆಟ್ ಮಾರೋದು ತಪ್ಪಲ್ಲ. ಒಂದೆರಡು ಚಳಿಗಾಲಕ್ಕೆ ಸಾಕು, ಕಡಿಮೆ ದುಡ್ಡಲ್ಲಿ ಬೇಕು ಅನ್ನೋ ಗಿರಾಕಿ ಇದ್ದೇ ಇರ್ತಾರೆ. ಪಿಯುವನ್ನ ಲೆದರ್ ಅಂತ ಮಾರೋದು ತಪ್ಪು. ನಿಮಗೇ ಹೋಲ್‌ಸೇಲ್‌ನಲ್ಲಿ ಯಾರೋ ‘ಲೆದರ್’ ಅಂತ ದಾಟಿಸಿರಬಹುದು. ಆದ್ದರಿಂದ ಮಾಲು ಎತ್ತುವಾಗ ನೀವೂ ಅಂಚು ನೋಡಿ, ಅವರ ಬಿಲ್‌ನಲ್ಲೂ ಯಾವ ಚರ್ಮ ಅಂತ ಬರೆಸಿಕೊಳ್ಳಿ. ನಾಳೆ ತಕರಾರು ಬಂದಾಗ ನಿಮ್ಮ ಕೈಲಿರೋ ಕಾಗದ ಅದೊಂದೇ. ರ‍್ಯಾಕ್‌ನಲ್ಲಿ ಚರ್ಮದ್ದು ಒಂದು ಕಡೆ, ಪಿಯು ಒಂದು ಕಡೆ ಬೋರ್ಡ್ ಹಾಕಿ ಇಡಿ. ಊರು ಚಿಕ್ಕದು, ಸಿಪ್ಪೆ ಎದ್ದ ಜಾಕೆಟ್ ಹಾಕ್ಕೊಂಡು ಗಿರಾಕಿ ಇದೇ ಪೇಟೆಯಲ್ಲಿ ಓಡಾಡ್ತಾರೆ, ಯಾವ ಅಂಗಡಿಯದ್ದು ಅಂತ ಕೇಳಿದವರಿಗೆಲ್ಲಾ ಹೇಳ್ತಾರೆ.

ಪೇಟೆ ಓಡಾಟಕ್ಕೆ ಕುರಿ, ಎರಡಕ್ಕೂ ಬೇಕಂದ್ರೆ ಮೇಕೆ, ದಿನಾ ದೂರದ ಬೈಕಿಗೆ ಪ್ಯಾಡ್ ಇರೋ ದಪ್ಪ ಚರ್ಮ, ಬಜೆಟ್ ಕಮ್ಮಿ ಇದ್ರೆ ಪಿಯು ಅಂತ ತಿಳಿದೇ ಪಿಯು. ಯಾವುದನ್ನೇ ತಗೊಂಡ್ರೂ ಅದರ ಹೆಸರು ಬಿಲ್‌ನಲ್ಲಿ ಇರಲಿ.